ಮಿತಾಕಿ ಗಾಡಿ ಮಾರಲು ಹೋದ ಮಿಸಾವೊ

"ಒಂದು ಮನೆಗೆ ಒಂದು ಕೆಲಸ ಸಾಕು ಅಂತ ಮೇಲಿನವರು ತೀರ್ಮಾನ ಮಾಡಿದಾರೆ" ಎಂದ ಕಾನೆಮಿತ್ಸು. ಹೇಳುವಾಗ ಅವನ ಕಣ್ಣು ಕಿಟಕಿಯ ಕಡೆಗಿತ್ತು.

ಹಿರೋಶಿಮಾದ ಮಿತಾಕಿ ಮೋಟಾರು ಕಂಪನಿಯಲ್ಲಿ ಕಾರಿನ ಸೀಟು ಹೊಲಿಯುವ ವಿಭಾಗಕ್ಕೆ ಅವನು ಮುಖ್ಯಸ್ಥ. ಎದುರಿಗೆ ನಿಂತಿದ್ದ ಒಕಿಮೊತೊ ಮಿಸಾವೊ ಆ ವಿಭಾಗ ಶುರುವಾದ ದಿನದಿಂದ ಅಲ್ಲಿ ಹೊಲಿಯುತ್ತಿದ್ದವಳು. ವಯಸ್ಸು ನಲವತ್ತು. ಅಗಲ ಭುಜ, ದಪ್ಪ ಹುಬ್ಬು. ಅವಳ ಗಂಡ ತೊರಾವೊ ಅದೇ ಕಂಪನಿಯ ಎರಕದ ಮನೆಯಲ್ಲಿದ್ದ.

"ಅಂದ್ರೆ ನಾನು ಮನೆಗೆ ಹೋಗ್ಬೇಕಾ?"

"ಹೋಗ್ಲೇಬೇಕು ಅಂತಲ್ಲ. ಮನೆಯಿಂದ ಒಬ್ರು ಎರಡು ವರ್ಷ ಹೊರಗಡೆ ಗಾಡಿ ಮಾರಕ್ಕೆ ಹೋದ್ರೆ ಇನ್ನೊಬ್ರು ಉಳೀಬಹುದು. ನಿಮ್ಮ ಯಜಮಾನರ ಹೆಸರು ಬರ್ಕೊಳ್ಳಲಾ?"

ಮಿಸಾವೊ ಜೋರಾಗಿ ನಕ್ಕುಬಿಟ್ಟಳು. ಆಚೆ ಯಂತ್ರಗಳ ಮುಂದೆ ಕೂತ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು.

"ನನ್ನ ಗಂಡನ್ನ ಮಾರಕ್ಕೆ ನಿಲ್ಲಿಸಿದ್ರೆ ಗಿರಾಕಿಗಳೇ ಅವರಿಗೆ ನೀರು ಕೊಟ್ಟು ಸಮಾಧಾನ ಮಾಡ್ಬೇಕಾಗತ್ತೆ, ಸಾಹೇಬ್ರೆ. ಮದುವೆ ಮಾತುಕತೆ ದಿನ ಅವರ ಬಾಯಿಂದ ಬಂದಿದ್ದು ಕೆಮ್ಮು ಒಂದೇ. ನನ್ನ ಹೆಸರು ಬರ್ಕೊಳ್ಳಿ."

"ಹೆಂಗಸರನ್ನ ಕಳಿಸೋ ಪದ್ಧತಿ ಇಲ್ಲ."

"ಹೆಂಗಸರನ್ನ ಮನೆಗೆ ಕಳಿಸೋ ಪದ್ಧತಿ ಮಾತ್ರ ಇದೆಯಾ?"

ಕಾನೆಮಿತ್ಸು ಕೆಟ್ಟವನಲ್ಲ, ಪುಕ್ಕಲ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ. ಮಿಸಾವೊ ದಿನಾ ಬೆಳಿಗ್ಗೆ ಅವನ ಬಾಗಿಲಲ್ಲಿ ನಿಂತು "ಕೇಳಿದ್ರಾ?" ಎನ್ನತೊಡಗಿದಳು. ಕಾಟ ತಾಳಲಾರದೆ ಅವನು ಕೊನೆಗೆ ಹೆಸರು ಬರೆದುಕೊಂಡ. ಮೇಲಿನವರೂ, ಹಿಮದ ನಾಡಿಗೆ ಕಳಿಸಿದರೆ ತಿಂಗಳೊಳಗೆ ಅಳುತ್ತಾ ವಾಪಸ್ಸು ಬರುತ್ತಾಳೆ ಎಂದು ಲೆಕ್ಕ ಹಾಕಿರಬೇಕು. ಅವಳನ್ನು ದೇಶದ ಇನ್ನೊಂದು ತುದಿಗೆ, ಅಕಿತಾ ಸೀಮೆಯ ಒಂದು ಸಣ್ಣ ಊರಿನ ಅಂಗಡಿಗೆ ಹಾಕಿದರು.

ಕಂಪನಿಗೆ ಈ ಗತಿ ಬಂದದ್ದಕ್ಕೆ ಕಾರಣ ಹಿರೋಶಿಮಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಮಿತಾಕಿಯವರು ಮೊದಲು ಹೊಲಿಗೆ ಸೂಜಿ ಮಾಡುತ್ತಿದ್ದರು, ಆಮೇಲೆ ಮೂರು ಗಾಲಿಯ ಸಣ್ಣ ಲಾರಿಗೆ ಕೈ ಹಾಕಿದರು. ಬಾಂಬು ಬಿದ್ದ ದಿನ ಬೆಟ್ಟದ ಮರೆಯಲ್ಲಿದ್ದ ಆ ಕಾರ್ಖಾನೆ ಉಳಿಯಿತು. ಊರು ಮತ್ತೆ ಎದ್ದು ನಿಂತಾಗ ಮರ, ತಗಡು, ಇಟ್ಟಿಗೆ ಎಲ್ಲ ಬಂದದ್ದು ಆ ಮುಕ್ಕಾಲಿ ಲಾರಿಗಳ ಬೆನ್ನ ಮೇಲೆ. ಮಿಸಾವೊಳ ಅಪ್ಪನಿಗೂ ಅಂಥದ್ದೊಂದು ಹಳೇ ಗಾಡಿ ಇತ್ತು. ಬಾಂಬಿನ ದಿನ ಸುಟ್ಟ ಬೆರಳುಗಳು ಮಡಚದ ಹಾಗೆ ಸೆಟೆದುಕೊಂಡು ಅಪ್ಪನ ಕೈಯಲ್ಲಿ ಆಗದೇ ಹೋದಾಗ ಮಗಳೇ ಹ್ಯಾಂಡಲ್ ಹಿಡಿದಳು. ಹರೆಯದ ಹುಡುಗಿ ಲಾರಿ ಓಡಿಸುವುದನ್ನು ನೋಡಿ ಬೀದಿಯವರು ಆಡಿಕೊಂಡರು. "ಆಡ್ಕೊಳ್ಳೋರು ಪಕ್ಕಕ್ಕೆ ಸರೀರಿ, ಬ್ರೇಕು ಸರಿ ಇಲ್ಲ" ಎಂದು ಅವಳು ಹಾರನ್ ಒತ್ತುತ್ತಿದ್ದಳಂತೆ.

ಮುಂದೆ ಮಿತಾಕಿಯವರು ಕಾರು ಮಾಡಿದರು. ಟೋಕಿಯೊದ ದೊಡ್ಡವರು, ಹಳ್ಳಿ ಕಂಪನಿಗೆ ಕಾರು ಯಾಕೆ, ಯಾವುದಾದರೂ ದೊಡ್ಡ ಕಂಪನಿಯೊಳಗೆ ಸೇರಿಕೊಳ್ಳಲಿ ಎಂದರು. ಆ ಮಾತು ಕೇಳಿಸಿಕೊಂಡ ಕಂಪನಿ ಹಟಕ್ಕೆ ಬಿದ್ದು, ಬೇರೆ ಯಾರೂ ಮಾಡಲಾರದ ಹೊಸ ನಮೂನೆಯ ಎಂಜಿನ್ ಮಾಡಿತು. ರೇಷ್ಮೆಯ ಹಾಗೆ ಓಡುವ ಎಂಜಿನ್ ಅದು. ಪ್ರಪಂಚವೆಲ್ಲ ಹೊಗಳಿತು. ಅಷ್ಟರಲ್ಲಿ ಅರಬ್ಬರ ನಾಡಿನಿಂದ ಎಣ್ಣೆ ಬರುವುದು ಕಡಿಮೆಯಾಗಿ ಪೆಟ್ರೋಲಿನ ಬೆಲೆ ಗಗನಕ್ಕೇರಿತು. ಹೊಗಳಿದ ಬಾಯಿಗಳೇ ಮಿತಾಕಿಗೆ 'ಕುಡುಕ ಗಾಡಿ' ಎಂದು ಹೆಸರಿಟ್ಟವು. ಕಾರ್ಖಾನೆಯ ಅಂಗಳದಿಂದ ಸಮುದ್ರದ ದಂಡೆಯವರೆಗೆ ಮಾರಾಟವಾಗದ ಕಾರುಗಳು ಉಪ್ಪುಗಾಳಿ ಕುಡಿಯುತ್ತಾ ನಿಂತವು.

ಹೊರಡುವ ಹಿಂದಿನ ದಿನ ತೊರಾವೊ ಹೆಂಡತಿಗೆ ಬೂಟು ತಂದುಕೊಟ್ಟ. ಹಿಮಕ್ಕೆ ಹಾಕುವ ಉದ್ದನೆಯ ರಬ್ಬರ್ ಬೂಟು. "ನಂಗೆ ಅನ್ನ ಮಾಡಕ್ಕೆ ಬರಲ್ಲ" ಎಂದ.

"ಕಲ್ತ್ಕೊಳ್ಳಿ. ಕಬ್ಬಿಣ ಕರಗ್ಸೋರಿಗೆ ಅಕ್ಕಿ ಬೇಯ್ಸೋದು ಕಷ್ಟನಾ?"

ಅಕಿತಾದ ಅಂಗಡಿಯ ಯಜಮಾನ ಕುಮಾಗಾಯಿ ಅವಳನ್ನು ಕಂಡ ಕೂಡಲೇ ಹಲ್ಲು ಕಚ್ಚಿದ. ಗಂಡಸನ್ನು ಕಳಿಸಿ ಎಂದರೆ ಹೆಂಗಸನ್ನು ಕಳಿಸಿದ್ದಾರೆ ಎಂದು ಅವಳೆದುರಿಗೇ ಗೊಣಗಿದ. ಚಹಾದ ಪಾತ್ರೆ ತೋರಿಸಿದ. ಮಿಸಾವೊ ಮೊದಲ ದಿನ ಎಲ್ಲರಿಗೂ ಚಹಾ ಕೊಟ್ಟಳು. ಮರುದಿನ ತನಗೊಬ್ಬಳಿಗೆ ಮಾಡಿಕೊಂಡು ಕುಡಿದು, ಗೂಟದಲ್ಲಿದ್ದ ಕಾರಿನ ಕೀಲಿ ತೆಗೆದುಕೊಂಡಳು.

"ಎಲ್ಲಿಗೆ?"

"ಮಾರಕ್ಕೆ. ಅದಕ್ಕೇ ತಾನೇ ನನ್ನ ಕರೆಸಿರೋದು?"

"ನಿಲ್ಲಿ ಸ್ವಲ್ಪ. ಯಾರಾದ್ರೂ ಪೆಟ್ರೋಲಿನ ಮಾತು ತೆಗೆದ್ರೆ, ಎಂಜಿನ್ನನ್ನ ಈಗ ಸುಧಾರಿಸಿದಾರೆ, ಮೊದಲಿನ ಅರ್ಧದಷ್ಟೇ ಕುಡಿಯತ್ತೆ ಅನ್ನಿ."

"ಅರ್ಧನಾ? ಅಷ್ಟು ಇಳಿದಿಲ್ವಲ್ಲ. ಮೊದಲಿಗಿಂತ ಕಡಿಮೆ, ಬೇರೆಯವರ ಗಾಡಿಗಿಂತ ಜಾಸ್ತಿ. ಹಾಗೇ ಹೇಳ್ತೀನಿ."

"ಹಾಗೆ ಹೇಳಿದ್ರೆ ನಾಯೀನೂ ಕೊಂಡ್ಕೊಳ್ಳಲ್ಲ!"

"ನಾಯಿಗೆ ಮಾರಕ್ಕೆ ಬಂದಿಲ್ಲ ನಾನು."

ಆದರೆ ಕುಮಾಗಾಯಿ ಹೇಳಿದ್ದೇ ನಿಜವಾಯಿತು. ಚಳಿಗಾಲ ಇಳಿಯಿತು, ಸೊಂಟದೆತ್ತರ ಹಿಮ ಬಿತ್ತು. ಅವಳು ಮನೆಯಿಂದ ಮನೆಗೆ ಹೋಗಿ ಬಾಗಿಲು ತಟ್ಟಿದಳು. ದಕ್ಷಿಣದವಳ ಮಾತಿನ ಧಾಟಿ ಅಲ್ಲಿಯವರಿಗೆ ನಗೆಪಾಟಲು. "ಕುಡುಕನ ಹೆಂಡ್ತಿ ಬಂದ್ಲು" ಎಂದು ಮಕ್ಕಳು ಕೂಗುವಷ್ಟಾಯಿತು. ಗಂಡಸರು "ಮನೇಲಿ ಗಂಡಸಿಲ್ವಾ ನಿಮಗೆ?" ಎಂದು ಕೇಳುತ್ತಿದ್ದರು. "ಇದಾರೆ, ಅನ್ನ ಸೀದಿಸ್ತಿದಾರೆ" ಎನ್ನುತ್ತಿದ್ದಳು. ಬಾಡಿಗೆ ಕೋಣೆಗೆ ಮರಳಿ ಕಂಬಳಿಯೊಳಗೆ ಮುದುರಿದಾಗ ಅಳು ಬಂದದ್ದೂ ಉಂಟು. ಬೆಳಿಗ್ಗೆ ಕಣ್ಣು ತೊಳೆದು ಬೂಟು ಹಾಕುತ್ತಿದ್ದಳು. ಸೋತು ಹೋದರೆ ಕಾನೆಮಿತ್ಸುವಿನ ಮುಖ ನೋಡಬೇಕಾಗುತ್ತದಲ್ಲ, ಆ ಒಂದು ಯೋಚನೆ ಸಾಕಾಗಿತ್ತು.

ಹೀಗೆ ತಟ್ಟಿದ ಬಾಗಿಲುಗಳಲ್ಲಿ ಒಂದು ಸೂಲಗಿತ್ತಿ ಕಿನುವಿನದು. ಕಿನು ಅರವತ್ತರ ವಿಧವೆ, ಮೋಟು ಹೆಂಗಸು. ಆ ಕಣಿವೆಯ ಅರ್ಧಕ್ಕರ್ಧ ಜನ ಅವಳ ಕೈಮೇಲೆ ಹುಟ್ಟಿದವರು. ಬೇಸಿಗೆಯಲ್ಲಿ ಸ್ಕೂಟರಿನಲ್ಲಿ, ಹಿಮ ಬಿದ್ದರೆ ಕಾಲ್ನಡಿಗೆಯಲ್ಲಿ ಹೆರಿಗೆಗೆ ಹೋಗುತ್ತಿದ್ದಳು. ಮಿಸಾವೊಳನ್ನು ಒಳಗೆ ಕರೆದು, ಕಂಬಳಿ ಹೊದಿಸಿದ ಕೆಂಡದ ಮೇಜಿನ ಕೆಳಗೆ ಕಾಲು ಚಾಚಿಸಿ, ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿ ಮುಂದಿಟ್ಟಳು.

"ನಿಮ್ಮ ಗಾಡಿ ಕುಡಿಯತ್ತಂತಲ್ಲ?"

"ಕುಡಿಯತ್ತೆ, ಅಕ್ಕ."

"ಅಯ್ಯೋ, ಒಪ್ಪಿಕೊಂಡ್ಬಿಟ್ಯಲ್ಲೇ! ಹಾಗಾದ್ರೆ ನಾನ್ಯಾಕೆ ತಗೋಬೇಕು? ಸತ್ತ ನನ್ನ ಗಂಡನೂ ಕುಡೀತಿದ್ದ. ಒಂದು ಮನೆಗೆ ಒಬ್ಬ ಕುಡುಕ ಸಾಕು."

"ಅದನ್ನ ತಗೋಬೇಡಿ. ನಮ್ಮದೇ ಒಂದು ಸಣ್ಣ ಗಾಡಿ ಇದೆ, ಮಾಮೂಲಿ ಎಂಜಿನ್ನು. ನೋಡಕ್ಕೆ ಚೆಂದ ಇಲ್ಲ. ಕುಡಿಯಲ್ಲ."

ಕಿನು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟು ಹೊತ್ತಿಗೆ ಹೊರಗಿನಿಂದ ಯಾರೋ ಕೂಗಿದರು. ಮೇಲಿನ ಹಳ್ಳಿಯಲ್ಲಿ ಒಬ್ಬಳಿಗೆ ನೋವು ಶುರುವಾಗಿದೆಯಂತೆ, ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿದ ಹಾಗಿದೆಯಂತೆ. ಕಿನು ಚೀಲ ಹೆಗಲಿಗೇರಿಸಿ ಬಾಗಿಲು ತೆರೆದಳು. ಹಿಮ ಧೋ ಎಂದು ಸುರಿಯುತ್ತಿತ್ತು.

"ಹತ್ತಿ" ಎಂದಳು ಮಿಸಾವೊ.

"ಈ ಕುಡುಕನ್ನ ನಂಬ್ಕೊಂಡಾ?"

"ನನ್ನ ನಂಬ್ಕೊಂಡು ಹತ್ತಿ."

ಏರಿನ ಅರ್ಧದವರೆಗೆ ಗಾಡಿ ಹೋಯಿತು. ಆಮೇಲೆ ಹಿಂದಿನ ಗಾಲಿಗಳು ಗಿರಗಿರ ಸುತ್ತಿ ಗಾಡಿ ನಿಂತಲ್ಲೇ ನಿಂತಿತು. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾ ಮಿಸಾವೊ ಕೆಳಗಿಳಿದಳು. ರಸ್ತೆ ಪಕ್ಕದ ಮನೆಗಳಲ್ಲಿ ಗಂಡಸರು ಮಾಡಿನ ಹಿಮ ಎಳೆದು ಹಾಕುತ್ತಿದ್ದರು. ಕಿನು ಕಿಟಕಿಯಿಂದ ತಲೆ ಹೊರಗೆ ಹಾಕಿ ಗರ್ಜಿಸಿದಳು. "ಲೋ, ನಿಮ್ಮನ್ನೆಲ್ಲ ಭೂಮಿಗೆ ತಂದೋಳು ನಾನು! ಬಂದು ಹಿಂದುಗಡೆ ಡಿಕ್ಕಿ ಮೇಲೆ ಕೂತ್ಕೊಳ್ರೋ, ಭಾರ ಬೀಳ್ಲಿ!" ಸಲಿಕೆ ಬಿಸಾಕಿ ಗಟ್ಟಿಮುಟ್ಟಾದ ಗಂಡಸರು ಬಂದು ಡಿಕ್ಕಿಯ ಮೇಲೆ ಕೂತರು. ಗಾಲಿ ನೆಲ ಹಿಡಿಯಿತು. ಮುಕ್ಕಾಲಿ ಲಾರಿಯಲ್ಲಿ ಕೆಸರಿನ ಊರೆಲ್ಲ ಸುತ್ತಿದ್ದ ಕೈಗಳು ಗಾಡಿಯನ್ನು ಒಂದೇ ಹದದಲ್ಲಿ ಮೇಲಕ್ಕೆ ಎಳೆದುಕೊಂಡು ಹೋದವು. ಹಿಂದೆ ಕೂತವರು ಚಳಿಗೆ ನಡುಗುತ್ತಾ ಹಾಡು ಹೇಳುತ್ತಿದ್ದರು.

ಹೆಣ್ಣುಮಗು ಹುಟ್ಟಿತು. ತಾಯಿ ಉಳಿದಳು.

ಮಾರನೆಯ ವಾರ ಕಿನು ಅಂಗಡಿಗೆ ಬಂದು ಸಣ್ಣ ಗಾಡಿಗೆ ಮುಂಗಡ ಕೊಟ್ಟಳು. ಕುಮಾಗಾಯಿಗೆ ಖುಷಿಯಾಗುವುದಿರಲಿ, ಮೈಯೆಲ್ಲ ಉರಿದುಹೋಯಿತು. ದುಬಾರಿ ಎಂಜಿನ್ನಿನ ಗಾಡಿಗಳು ಅಂಗಳದಲ್ಲಿ ಹಿಮ ಹೊದ್ದು ಮಲಗಿರುವಾಗ ಇವಳು ಅದನ್ನು ತಗೋಬೇಡಿ ಎನ್ನುವುದೆ? ಅವನು ಹಿರೋಶಿಮಾಕ್ಕೆ ಫೋನು ಮಾಡಿ ಕೂಗಾಡಿದ. ಸ್ವಲ್ಪ ದಿನದಲ್ಲಿ ಕಾನೆಮಿತ್ಸು ತೆಳು ಕೋಟು ಹಾಕಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು ರೈಲಿಳಿದ.

"ಒಕಿಮೊತೊ ಅವ್ರೆ, ಗೌರವವಾಗಿ ಹೇಳ್ತಿದೀನಿ. ಇನ್ನು ಸಾಕು. ವಾಪಸ್ಸು ಬಂದು, ನಿಮ್ಮಷ್ಟಕ್ಕೆ ನೀವೇ ಕೆಲಸ ಬಿಡ್ತೀನಿ ಅಂತ ಹೇಳಿ."

ಮಿಸಾವೊ ಆಗ ಒಬ್ಬ ಸೇಬುತೋಟದವನ ಹಳೇ ಮಿತಾಕಿಯ ಹರಿದ ಸೀಟನ್ನು ಡೊಂಕು ಸೂಜಿಯಲ್ಲಿ ಹೊಲಿಯುತ್ತಿದ್ದಳು. ಸೂಜಿ ಬಿಡದೆ ಹೇಳಿದಳು. "ನಾನು ಗಾಡಿ ಮಾರಿಲ್ವಾ?"

"ಮಾರಿದೀರಿ. ಆದರೆ ಕಂಪನಿ ಬಗ್ಗೆ ಕೆಟ್ಟದಾಗಿ..."

"ಕೆಟ್ಟದಾಗಿ ಅಲ್ಲ, ಇದ್ದಿದ್ದು ಇದ್ದಂಗೆ ಹೇಳ್ದೆ. ಈ ಗಾಡಿಗಳಲ್ಲಿ ಕೂರೋ ಜಾಗ ಇದೆಯಲ್ಲ, ಅದನ್ನ ಹೊಲ್ದಿದ್ದು ನಾನು. ನನ್ನ ಅಪ್ಪನ ಬೆರಳು ಸೆಟೆದುಕೊಂಡಾಗ ನಾನು ಓಡ್ಸಿದ್ದು ನಿಮ್ಮ ಲಾರಿ. ಈ ಕಂಪನಿ ನಿಮಗೆಷ್ಟು ಬೇಕೋ ನನಗೂ ಅಷ್ಟು ಬೇಕು. ಸುಳ್ಳು ಹೇಳಿ ಮಾರಿದ್ರೆ ಈ ವರ್ಷ ಮಾರಬಹುದು. ಮುಂದಿನ ವರ್ಷ ಇದೇ ಬಾಗಿಲು ತಟ್ಟಬೇಕಾದೋಳು ನಾನು, ನೀವಲ್ಲ. ನಾನು ಬಿಡಲ್ಲ. ಬೇಕಾದ್ರೆ ನೀವೇ ಕೈಹಿಡಿದು ಹೊರಗೆ ಹಾಕಿ. ಈ ಸೀಟು ಮುಗಿಯೋವರೆಗೆ ಮಾತ್ರ ತಡ್ಕೊಳ್ಳಿ."

ಕಾನೆಮಿತ್ಸು ಕುಮಾಗಾಯಿಯ ಮುಖ ನೋಡಿದ. ಕುಮಾಗಾಯಿ, ಸೀಟಿಗಾಗಿ ಅಲ್ಲೇ ಕಾಯುತ್ತಿದ್ದ ಸೇಬುತೋಟದವನ ಮುಖ ನೋಡಿದ. ತೋಟದವನು ತಣ್ಣಗೆ, "ಈಯಮ್ಮನ್ನ ಕಳಿಸೋದಾದ್ರೆ ಮೊದಲೇ ಹೇಳಿ, ನನ್ನ ತಮ್ಮ ಇನ್ನೊಂದು ಗಾಡಿ ನೋಡ್ಬೇಕು ಅಂತಿದ್ದ, ಬೇರೆ ಅಂಗಡಿಗೆ ಹೋಗ್ಲಿ" ಎಂದ.

ಕುಮಾಗಾಯಿ ವ್ಯಾಪಾರಿ, ಗಾಳಿ ಬಂದ ಕಡೆ ತೂರಿಕೊಳ್ಳಲು ಬಲ್ಲವನು. "ಅಂಥ ಅವಸರವೇನಿಲ್ಲ ಬಿಡಿ" ಎಂದು ಕಾನೆಮಿತ್ಸುವನ್ನು ಬಿಸಿನೀರಿನ ಸ್ನಾನಕ್ಕೆ ಕರೆದುಕೊಂಡು ಹೋದ.

ಆ ಕಣಿವೆಯಲ್ಲಿ ದಾದಿಯರು, ಶಾಲೆಯ ಮೇಡಂಗಳು, ಮೀನು ಮಾರುವವಳು, ಹೀಗೆ ಹೆಂಗಸರು ಒಬ್ಬೊಬ್ಬರಾಗಿ ಅವಳನ್ನು ಹುಡುಕಿ ಬಂದರು. ಎಲ್ಲರೂ ಕೊಂಡರೆಂದಲ್ಲ. ಕೆಲವರು ಕೂತು, ಚಹಾ ಕುಡಿದು, ಬೇರೆ ಕಂಪನಿಯ ಗಾಡಿ ಕೊಂಡರು. ದುಬಾರಿ ಎಂಜಿನ್ನಿನ ಗಾಡಿಗಳಲ್ಲಿ ಅವಳು ಮಾರಿದ್ದು ಒಂದೇ ಒಂದು, ಅದೂ ಒಬ್ಬ ದಂತವೈದ್ಯನಿಗೆ. "ಕುಡಿದ್ರೆ ಕುಡೀಲಿ, ಓಡ್ಸೋ ಸುಖ ಸಿಕ್ಕಿದ್ರೆ ಸಾಕು" ಎಂದವನು ಅವನೊಬ್ಬನೇ.

ಎರಡು ವರ್ಷ ಮುಗಿಸಿ ಊರಿಗೆ ಬಂದಾಗ ಕಾನೆಮಿತ್ಸು ಅವಳನ್ನು ಕಚೇರಿಗೆ ಕರೆದು, ಸೀಟು ವಿಭಾಗದಲ್ಲಿ ಜಾಗವಿಲ್ಲ, ಅತಿಥಿಗಳಿಗೆ ಚಹಾ ಕೊಡುವ ಕೆಲಸ ಇದೆ ಎಂದ. ಮಿಸಾವೊ ನೇರ ಹೊಲಿಗೆ ಮನೆಗೆ ಹೋದಳು. ಅವಳ ಯಂತ್ರ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿತ್ತು. ಒರೆಸಿ, ಎಣ್ಣೆ ಬಿಟ್ಟು, ಸ್ಟೂಲು ಎಳೆದುಕೊಂಡು ಕೂತಳು. ಪಕ್ಕದವಳು ತನ್ನ ಬುಟ್ಟಿಯಿಂದ ಒಂದು ಸೀಟಿನ ಬಟ್ಟೆ ತೆಗೆದು ಸದ್ದಿಲ್ಲದೆ ಅವಳ ಮುಂದೆ ಇಟ್ಟಳು. ಆಚೆಯವಳೂ ಇಟ್ಟಳು.

ಕಾನೆಮಿತ್ಸು ಬಂದು ನಿಂತ. "ಏಳಿ, ಒಕಿಮೊತೊ ಅವ್ರೆ."

"ಹಬ್ಬದ ರಜಕ್ಕೆ ಏಳ್ತೀನಿ."

ದಿನಾ ಬಂದಳು, ದಿನಾ ಕೂತಳು. ಮೊದಲ ತಿಂಗಳ ಸಂಬಳ ತಡವಾಯಿತು. ಹೆಂಗಸರೆಲ್ಲ ಒಟ್ಟಾಗಿ ಹೋಗಿ ಕೇಳಿದ ಮೇಲೆ ಬಂತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಕಂಪನಿ ಮುಂದೆ ಒಂದು ಸಣ್ಣ ಕೆಂಪು ಗಾಡಿ ಮಾಡಿ ಮತ್ತೆ ಹೆಸರು ಗಳಿಸಿತು. ಅಂಗಳದಲ್ಲಿ ನಿಂತ ಕಾರುಗಳೆಲ್ಲ ಖಾಲಿಯಾದವು. ಹೊಗಳುವವರು ವಾಪಸ್ಸು ಬಂದರು. ಮಿಸಾವೊ ಅವರನ್ನು ನೋಡಿ, "ಈಗ ಬಂದ್ರಾ? ಆಗ ಎಲ್ಲಿದ್ರಿ?" ಎನ್ನುತ್ತಿದ್ದಳು.

ನಿವೃತ್ತಿಯ ದಿನ ಹೂಗುಚ್ಛ ಕೊಟ್ಟು ಕಾನೆಮಿತ್ಸು ಭಾಷಣ ಮಾಡಿದ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ವರ್ಷ ಒಕಿಮೊತೊ ಅವರನ್ನು ಇಟ್ಟುಕೊಂಡದ್ದು ನಮ್ಮ ಕಂಪನಿಯ ಹೆಮ್ಮೆ ಎಂದ. ಮಿಸಾವೊ ಮೈಕು ಈಸಿಕೊಂಡಳು.

"ಇಟ್ಕೊಂಡಿದ್ದಲ್ಲ, ಸಾಹೇಬ್ರೆ. ನಾನೇ ಇದ್ದಿದ್ದು."

ಹೊಲಿಗೆಯವರೆಲ್ಲ ಮೇಜು ಬಡಿದರು. ಕಾನೆಮಿತ್ಸು ಕೂಡ, ತುಸು ತಡವಾಗಿ, ನಕ್ಕ.

ಗೇಟಿನ ಹೊರಗೆ ತೊರಾವೊ ಕಾಯುತ್ತಿದ್ದ.

"ಬೈದ್ಯಾ?" ಎಂದ.

"ಬೈದೆ."

ಅವನು ತಲೆಯಾಡಿಸಿ ಹೂವು ಈಸಿಕೊಂಡ. ಇಬ್ಬರೂ ಸ್ಟೇಷನ್ ರಸ್ತೆಯ ದೋಸೆಕಲ್ಲಿನ ಅಂಗಡಿಗೆ ಹೋಗಿ, ಎಲೆಕೋಸು, ನೂಡಲ್ಸ್, ಮೊಟ್ಟೆ ಹಾಕಿ ಸುಟ್ಟ ದಪ್ಪ ದೋಸೆಗೆ ಕಾಯುತ್ತಾ ಬಿಸಿ ತಗಡಿನೆದುರು ಕೂತರು.