ಮೇಸ್ತ್ರಿ ಪುಟ್ಟಮಾದಪ್ಪನವರ ಭಯ

ಭಯವಾದಾಗ ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಮೇಸ್ತ್ರಿ ಪುಟ್ಟಮಾದಪ್ಪ ಹೇಳುತ್ತಿದ್ದರು. ಗೊಣಗಿಕೊಳ್ಳುತ್ತಿರಲಿಲ್ಲ, ನಾಲ್ಕು ಜನಕ್ಕೆ ಕೇಳುವ ಹಾಗೆ, "ನಂಗ ಭಯ ಆಯ್ತದ ಕಣ್ರಪ್ಪ" ಎಂದು ಹೇಳಿ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು.

ಅವರು ಮಾಂಬಳ್ಳಿಯವರು. ಕೊಳ್ಳೇಗಾಲದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದರು. ಬೆಳಿಗ್ಗೆ ಬಾಯ್ಲರ್ ಸದ್ದು ಸ್ವಲ್ಪ ಬೇರೆಯಾಗಿ ಕೇಳಿದರೂ ಅಂಗಳಕ್ಕೆ ಬಂದು ನಿಂತು, ಅದನ್ನು ನೋಡಿಸುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಹನೂರಿನ ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತು, ಕಾಮಗೆರೆ ದಾಟುವಷ್ಟರಲ್ಲಿ ಅವನಿಗೆ ಹತ್ತು ಸಲ "ಮೆಲ್ಲಗ ಕಣಪ್ಪ" ಎನ್ನುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿ, "ಏನ್ರೀ ಮೇಸ್ತ್ರಿ, ಇಷ್ಟು ವಯಸ್ಸಾಗಿದೆ, ಹೆದರಿಕೆಯಾ?" ಎಂದು ಎಲ್ಲರೆದುರು ನಕ್ಕಾಗ, ಇವರು ಕೈಕಟ್ಟಿಕೊಂಡು, "ಊಂ ಸಾ, ಶಾನೆ" ಎಂದರು. ನಗುತ್ತಿದ್ದ ಅಧಿಕಾರಿ ಕೈಯಲ್ಲಿದ್ದ ಕಡತದ ಕಡೆ ತಿರುಗಿದ.

ಆದರೆ ಕುದಿಯುವ ನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿಯನ್ನು ಅವರ ಹಾಗೆ ಹಿಡಿಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಆ ಬೆರಳುಗಳಿಗಾಗಿಯೇ ಅರವತ್ತರ ದಶಕದಲ್ಲಿ ಅವರನ್ನು ಮೂರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸುವುದೆಂದಾಯಿತು. ಅವರಿಗೆ ಇಂಗ್ಲಿಷ್ ಬಾರದ್ದರಿಂದ ಜೊತೆಗೆ ನಾನು. ಆಗ ನನಗೆ ಇಪ್ಪತ್ತಾರು ವರ್ಷ, ರೇಷ್ಮೆ ಇಲಾಖೆಗೆ ಹೊಸಬ. ನಮ್ಮದು ಕೊಳ್ಳೇಗಾಲದ ನೇಕಾರರ ಮನೆ. ಮನೆಯಲ್ಲಿ ಮೈಸೂರಿಗೆ ಹೋಗಿ ಡಿಗ್ರಿ ಓದಿದವನು ನಾನೊಬ್ಬನೇ, ಆ ಜಂಬ ತಕ್ಕಮಟ್ಟಿಗೆ ಇತ್ತು.

ವಿಮಾನ ಎಂದ ಕೂಡಲೇ ಮೇಸ್ತ್ರಿ ಎಂದಿನಂತೆ, "ನಂಗ ಭಯ ಆಯ್ತದ" ಎಂದರು. "ಹಾಗಾದರೆ ಬೇರೆಯವರನ್ನು ಕಳಿಸಲು ಹೇಳಲೇ?" ಎಂದು ನಾನು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಭಯ ಆಯ್ತದ ಅಂದೆ ಸಾ. ಬರಾಕಿಲ್ಲ ಅಂದ್ನಾ?"

ಮೇಸ್ತ್ರಿ ಪೂರ್ತಿ ಅರ್ಥವಾಗಲು ಆ ಒಂದು ಮಾತು ಸಾಕಿತ್ತು. ನನಗೆ ಆಗ ಸಾಲಲಿಲ್ಲ.

ಜಪಾನಿನಲ್ಲಿ ನಾವಿದ್ದ ತರಬೇತಿ ಕೇಂದ್ರದಲ್ಲಿ ತನಾಕಾ ಎಂಬ ಯುವಕ ನಮ್ಮ ಉಸ್ತುವಾರಿಗಿದ್ದ. ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ನಿಧಾನವಾಗಿ, ತೂಕ ಮಾಡಿದಂತೆ ಇಂಗ್ಲಿಷ್ ಮಾತಾಡುತ್ತಿದ್ದ. ನಾವಿಬ್ಬರೂ ಸಮುದ್ರವನ್ನೇ ನೋಡಿಲ್ಲವೆಂದು ತಿಳಿದಾಗ ಅವನಿಗೆ ನಂಬಲಾಗಲಿಲ್ಲ. ಮೇಲಿನವರನ್ನು ಕೇಳಿ ಕೇಂದ್ರದ ಕಾರು ತೆಗೆದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಬಂದ. ಕಡಲ ದಂಡೆಯ ರಸ್ತೆಯಲ್ಲಿ ಸುತ್ತಾಡಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಎಂದು ಮಾತಾಯಿತು. ಹಿಂದಿನ ಮೂರು ದಿನ ಬಿಟ್ಟೂಬಿಡದೆ ಮಳೆ ಸುರಿದು ಅಂದು ಬಿಸಿಲು ಬಂದಿತ್ತು.

ಸಮುದ್ರ ಮೊದಲು ಕಂಡಾಗ ಮೇಸ್ತ್ರಿ ಕಿಟಕಿಯ ಗಾಜಿಗೆ ಮುಖ ಒತ್ತಿಕೊಂಡರು. ಆಮೇಲೆ, "ಈ ಪಾಟಿ ನೀರು ಯಾರ್ಗಪ್ಪ?" ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ತನಾಕಾ ಸ್ಟೀರಿಂಗ್ ತಟ್ಟಿ ನಕ್ಕ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಮುಂದೆ ರಸ್ತೆ ಕಿರಿದಾಯಿತು. ಎಡಕ್ಕೆ ಸಮುದ್ರ, ತುಂಬಾ ಕೆಳಗೆ. ಬಲಕ್ಕೆ ಗೋಡೆಯಂತೆ ಎದ್ದ ಗುಡ್ಡ; ಅದರ ಮೈಯಿಂದ ಕೆಂಪು ನೀರು ಜಿನುಗುತ್ತಿತ್ತು. ಮೇಸ್ತ್ರಿ ಸಮುದ್ರ ನೋಡುವುದನ್ನು ಬಿಟ್ಟು ಗುಡ್ಡದ ಕಡೆ ತಿರುಗಿ ಕೂತರು. ಅವರ ಕೈ ನನ್ನ ತೊಡೆಯ ಮೇಲೆ ಬಂತು.

"ಅಪ್ಪಾ, ಕಾರು ಇಂದಕ್ಕ ತಿರುಗ್ಸು ಅಂತ ಏಳು. ನಂಗ ಭಯ ಆಯ್ತದ."

"ಸುಮ್ನಿರಿ ಮೇಸ್ತ್ರಿ. ದಿನಾ ಓಡಾಡೋ ರಸ್ತೆ ಇದು."

"ರಸ್ತ ಅಲ್ಲ ಕಣಪ್ಪ. ಮಣ್ಣು ನೋಡು. ಸಣ್ ಕಲ್ಲು ಉದುರ್ತಾ ಅವೆ. ಬಾವಿ ತೋಡೋವಾಗ ಇಂಗೇಯ. ಮೊದ್ಲು ಕಡ್ಲೆಕಾಳಷ್ಟು ಉದುರ್ತದ. ಆಮೇಕ ಒಂದೇ ಸಲ." ಗುಡ್ಡದಿಂದ ಕಣ್ಣು ತೆಗೆಯದೆ ಮತ್ತೆ ಹೇಳಿದರು: "ನಮ್ಮಪ್ಪ ಅಂಗೇ ಓದ. ನಾನು ಮ್ಯಾಲೆ ಅಗ್ಗ ಹಿಡ್ಕಂಡು ನಿಂತಿದ್ದೆ. ಏಳಪ್ಪ ಅವನ್ಗ, ನಿನ್ ದಮ್ಮಯ್ಯ."

ಅವರ ತಂದೆ ಬಾವಿ ಕುಸಿದು ಸತ್ತ ವಿಷಯ ನನಗೆ ಗೊತ್ತಾದದ್ದು ಆಗಲೇ. ಆದರೂ ನನ್ನ ಮನಸ್ಸಿನಲ್ಲಿ ಬಂದದ್ದು ನಾಚಿಕೆ. ಇಷ್ಟು ಪ್ರೀತಿಯಿಂದ ಕರೆತಂದವನ ಮುಂದೆ, ನಮ್ಮ ಊರಿನವರು ಅಂಜುಬುರುಕರು ಎಂದು ನಾನೇ ಹೇಗೆ ಹೇಳಲಿ?

"ಏನನ್ನುತ್ತಿದ್ದಾರೆ?" ಎಂದು ತನಾಕಾ ಕನ್ನಡಿಯಲ್ಲಿ ನೋಡುತ್ತ ಕೇಳಿದ.

"ಸಮುದ್ರ ಬಹಳ ಚೆನ್ನಾಗಿದೆಯಂತೆ" ಎಂದೆ.

ತನಾಕಾನ ಮುಖ ಅರಳಿತು. ಹಾಗಾದರೆ ಇಳಿದು ನೋಡಲಿ ಎಂದು, ಮುಂದಿನ ತಿರುವಿನಲ್ಲಿ, ಆ ಗುಡ್ಡದ ಬುಡದಲ್ಲೇ ಕಾರು ನಿಲ್ಲಿಸಿದ.

ನಿಜ ಹೇಳುವುದಕ್ಕೆ ಆಗಲೂ ಸಮಯವಿತ್ತು. ತನಾಕಾ ಕ್ಯಾಮೆರಾ ಹಿಡಿದು ಇಳಿದ. ಮೇಸ್ತ್ರಿಯೂ ಇಳಿದರು, ಇಳಿದವರೇ ಕತ್ತೆತ್ತಿ ಮೇಲೆ ನೋಡಿ, ಕಿವಿಗೊಟ್ಟು ನಿಂತರು. ಹಿಂದೆಯೇ ಇಳಿದ ನನಗೂ ಕೇಳಿಸಿತು, ಮೊರದಲ್ಲಿ ರಾಗಿ ಕೇರಿದಂಥ ಸದ್ದು. ಮರುಕ್ಷಣ ಮೇಸ್ತ್ರಿ ತನಾಕಾನ ರಟ್ಟೆ ಹಿಡಿದು, "ಓಡ್ಲಾ!" ಎಂದು ಕೂಗಿ, ಬಂದ ದಾರಿಯಲ್ಲೇ ಎಳೆದುಕೊಂಡು ಓಡಿದರು. ಕನ್ನಡ ಬಾರದ ತನಾಕಾ ಓಡಿದ. ಕನ್ನಡ ಬರುವ ನಾನು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದೆ. ಕಾಲು ಕೀಳಲು ಆಗಲಿಲ್ಲ. ತೆಂಗಿನಕಾಯಿ ಗಾತ್ರದ ಕಲ್ಲೊಂದು ಕಾರಿನ ಮುಂದೆ ಬಿದ್ದು ಪುಟಿದು ಸಮುದ್ರದ ಕಡೆ ಹಾರಿತು. ಇನ್ನೊಂದು ಬಿತ್ತು.

ಆಗ ಮೇಸ್ತ್ರಿ ವಾಪಸ್ಸು ಓಡಿಬರುವುದು ಕಂಡಿತು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಯ್ಯೋ ಅಯ್ಯೋ" ಎಂದು ಕೂಗಿಕೊಳ್ಳುತ್ತಲೇ ಬಂದು, ನನ್ನ ಸೊಂಟಕ್ಕೆ ಕೈಹಾಕಿ ಮೂಟೆಯಂತೆ ಎಳೆದರು. ಹತ್ತು ಮಾರು ಹೋಗಿರಬೇಕು. ಹಿಂದೆ ಗುಡ್ಡದ ಮೈ ಕುಸಿಯಿತು. ನೆಲ ಅದುರಿತು. ಸದ್ದು ಅಡಗಿದ ಮೇಲೆ ನೋಡಿದರೆ ಕಾರಿನ ಹಿಂಭಾಗ ಮಾತ್ರ ಮಣ್ಣಿನಿಂದ ಹೊರಗೆ ಚಾಚಿಕೊಂಡಿತ್ತು.

ಒಂದು ಮೈಲಿ ನಡೆದು ಮೀನುಗಾರರ ಊರೊಂದಕ್ಕೆ ಬಂದೆವು. ಅಜ್ಜಿಯೊಬ್ಬಳು ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಬಿಸಿ ಟೀ ಕೊಟ್ಟಳು. ಮೇಸ್ತ್ರಿ ಟೀ ಪಕ್ಕಕ್ಕಿಟ್ಟು ಪಂಚೆಯ ಮೇಲಿನ ಕೆಂಪು ಮಣ್ಣು ಕೊಡವುತ್ತಿದ್ದರು. ತನಾಕಾ ಅವರ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿ, ಇಂಗ್ಲಿಷಿನಲ್ಲಿ ನನಗೆ ಹೇಳಿದ: "ಅವರಿಗೆ ಸಮುದ್ರ ಇಷ್ಟವಾಯಿತೆಂದು ಅಲ್ಲಿ ನಿಲ್ಲಿಸಿದೆ. ತಪ್ಪು ನನ್ನದು. ಹೇಳಿ ಅವರಿಗೆ."

"ಯಾನ ಅಂತಾನ?" ಎಂದರು ಮೇಸ್ತ್ರಿ.

"ಕ್ಷಮಿಸಿ ಅಂತಾನೆ" ಎಂದಷ್ಟೇ ಹೇಳಿದೆ.

ಕೇಂದ್ರದಲ್ಲಿ ತನಾಕಾ ಮೇಲಧಿಕಾರಿಯ ಮುಂದೆ ತಲೆತಗ್ಗಿಸಿ ನಿಂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಆಮೇಲೆ ಅವನನ್ನು ನಮ್ಮ ಉಸ್ತುವಾರಿಯಿಂದ ತೆಗೆದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಎಲ್ಲಿ ನನ್ನನ್ನು ಊರಿಗೆ ಅಟ್ಟಿಬಿಡುತ್ತಾರೋ ಎಂದು ಹೆದರಿದ್ದೆ. ಅದನ್ನು ಯಾರಿಗೂ ಹೇಳಲೂ ಇಲ್ಲ.

ಕೊಳ್ಳೇಗಾಲಕ್ಕೆ ಬಂದ ಮೇಲೆ ಮೇಸ್ತ್ರಿ ಈ ಕಥೆಯನ್ನು ಎಲ್ಲರಿಗೂ ಹೇಳಿದರು. "ನಮ್ ಸಾಯೇಬ್ರು ಇಂಗ್ಲೀಸ್ನಲ್ಲಿ ಏಳುದ್ರು ಕಣ್ರಪ್ಪ. ಅವ್ನು ಕೇಳ್ನಿಲ್ಲ." ಕಾರ್ಖಾನೆಯವರು ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನು ಗೂಡು ಆರಿಸುವವನಂತೆ ತಲೆ ಬಗ್ಗಿಸುತ್ತಿದ್ದೆ.

ಎಂಟು ವರ್ಷ ಕಳೆಯಿತು. ನನಗೆ ಯಳಂದೂರಿಗೆ ವರ್ಗವಾಗಿತ್ತು. ಮೇಸ್ತ್ರಿ ನಿವೃತ್ತರಾಗಿ ಮಾಂಬಳ್ಳಿಯಲ್ಲಿದ್ದರು. ಉಬ್ಬಸ ಜಾಸ್ತಿಯಾಗಿದೆ ಎಂದು ತಿಳಿದು ಒಂದು ಮಧ್ಯಾಹ್ನ ಸೈಕಲ್ಲಿನಲ್ಲಿ ಹೋದೆ. ಗೋಡೆಗೆ ಒರಗಿ ಕೂತಿದ್ದರು. ಮಾತಿನ ನಡುವೆ, ಅವರನ್ನು ನೋಡಲು ಬಂದಿದ್ದ ನಾಲ್ಕೈದು ಜನಕ್ಕೆ ಮತ್ತೆ ಆ ಕಥೆ ಹೇಳಿ, "ಆ ಜಪಾನಿನೋನು ಕೇಳ್ನಿಲ್ಲ" ಎಂದರು. ನನಗೆ ತಡೆಯಲಾಗಲಿಲ್ಲ. ಬಂದವರು ಎದ್ದುಹೋಗುವವರೆಗೆ ಕಾದು, ಎಲ್ಲವನ್ನೂ ಹೇಳಿಬಿಟ್ಟೆ.

ಮೇಸ್ತ್ರಿ ಗೋಡೆ ಬಿಟ್ಟು ನೆಟ್ಟಗೆ ಕೂತು ನನ್ನ ಕಡೆ ತಿರುಗಿದರು.

"ನನ್ ಕಂಡು ನಾಚ್ಕ ಆಯ್ತಾ?" ಎಂದರು.

"ಹೌದು."

"ಅಂದ್ರ ಅವ್ನಿಗ ಗೊತ್ತೇ ಇರ್ನಿಲ್ಲ." ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಏಳಿದ್ರೂ ಕೇಳ್ನಿಲ್ಲ ಅಂತ ಇಷ್ಟ್ ವರ್ಸ ಅವ್ನ ಮ್ಯಾಲ ಕ್ವಾಪ ಮಡಿಕಂಡಿದ್ನಲ್ಲಪ್ಪ. ಅಷ್ಟ್ ದೂರದೋನು, ನನ್ ಕಾಲ್ಗ ಬಿದ್ದಿದ್ನಲ್ಲ." ಆಮೇಲೆ, "ಕಾಗ್ದ ತಗಿ. ಬರಿ ಅವನ್ಗ" ಎಂದರು.

ಅವರು ಕನ್ನಡದಲ್ಲಿ ಹೇಳಿದರು; ನಾನು ಇಂಗ್ಲಿಷಿನಲ್ಲಿ ಬರೆದೆ. ಅಂದು ನನಗೆ ಭಯವಾಗಿತ್ತು, ತಿರುಗಿಸು ಎಂದೆ, ನಿನಗೆ ಆ ಮಾತು ಮುಟ್ಟಲಿಲ್ಲ, ನಿನ್ನ ತಪ್ಪಿಲ್ಲ, ನಿನ್ನನ್ನು ಬೈದುಕೊಂಡದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅದರ ಕೆಳಗೆ, ಮಾತು ಮುಟ್ಟಿಸದವನು ನಾನು ಎಂದು ನನ್ನದೊಂದು ಸಾಲು ಸೇರಿಸಿದೆ. ಹೆಬ್ಬೆಟ್ಟು ಒತ್ತುವ ಮೊದಲು ಅವರು ತಮ್ಮ ಕೈ ಹಿಂದಕ್ಕೆ ತೆಗೆದು, "ಓದು" ಎಂದರು.

ಓದಿದೆ. ಒಂದಕ್ಷರವೂ ತಿಳಿಯದ ಆ ಇಂಗ್ಲಿಷನ್ನು ಅವರು ಕೊನೆಯವರೆಗೂ ನನ್ನ ಮುಖ ನೋಡುತ್ತ ಕೇಳಿದರು. ಆಮೇಲೆ ಒತ್ತಿದರು.

ಅದಾದ ಮೂರನೆಯ ವಾರ ಮೇಸ್ತ್ರಿ ತೀರಿಕೊಂಡರು. ತನಾಕಾನ ಉತ್ತರ ಅವರ ಹೆಸರಿಗೆ ಬಂದಾಗ ಅದನ್ನು ತೆಗೆದುಕೊಂಡು ಮಾಂಬಳ್ಳಿಗೆ ಹೋಗಿ, ಅವರ ಹೆಂಡತಿಯ ಮುಂದೆ ಕೂತು, ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ.