ಕಂಕುಳು ಕಚ್ಚುವ ಅಂಗಿ

ಒಂದು ಅಂಗಿ ತೊಡಲು ಮೂರು ಜನ ಬೇಕು ಎಂದರೆ ನಮ್ಮ ಮುಳಬಾಗಿಲಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಮದುವೆ ಗಂಡಿಗೇ ಇಬ್ಬರು ಸಾಕಾಗುತ್ತಾರೆ. ನನಗೆ ಮಾತ್ರ ಒಬ್ಬ ಎಡತೋಳು ಎಳೆಯಬೇಕು, ಇನ್ನೊಬ್ಬ ಬಲತೋಳು ಎಳೆಯಬೇಕು, ಮೂರನೆಯವನು ಬೆನ್ನಿಗೆ ಮಂಡಿ ಕೊಟ್ಟು ಕೊರಳಪಟ್ಟಿ ಹಿಡಿದು ಜಗ್ಗಬೇಕು. ಮೊದಲು ಕೈಗಳಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ, ಪೌಡರ್ ಸುರಿದು, ಅದರ ಮೇಲೆ ಅಂಗಿಯ ತೋಳನ್ನು ಇಂಚಿಂಚಾಗಿ ಏರಿಸಬೇಕು. ಪೂರ್ತಿ ಏರುವಷ್ಟರಲ್ಲಿ ಕಾಲು ಗಂಟೆ. ಅಷ್ಟು ಹೊತ್ತಿಗೆ ನಾನು ಕಡಲೆಹಿಟ್ಟಿನಲ್ಲಿ ಹೊರಳಿಸಿದ ಬಾಳೆಕಾಯಿಯ ಹಾಗೆ ಕಾಣುತ್ತಿದ್ದೆ.

ತೊಟ್ಟ ಮೇಲೆ ಇನ್ನೊಂದು ಅವಸ್ಥೆ. ಆ ಅಂಗಿಯ ತೋಳುಗಳನ್ನು ಪಕ್ಕಕ್ಕಲ್ಲ, ಮುಂದಕ್ಕೆ ಹೊಲಿದಿರುತ್ತಾರೆ. ಹಾಗಾಗಿ ಎರಡೂ ಕೈ ಮುಂದಕ್ಕೆ ಚಾಚಿಕೊಂಡೇ ಇರುತ್ತವೆ, ಕೆಳಗೆ ಇಳಿಯುವುದಿಲ್ಲ. ಮೂಗು ತುರಿಸಿದರೆ ಇನ್ನೊಬ್ಬರನ್ನು ಬೇಡಿಕೊಳ್ಳಬೇಕು. ಕೋಲಾರದ ನಮ್ಮ ಜಿಮ್ಮಿನಲ್ಲಿ ನಾನು ಹಾಗೇ ಕೈ ಚಾಚಿಕೊಂಡು ಓಡಾಡುತ್ತ, ಮುಳಬಾಗಿಲು ಬಸ್ಸಿನ ಕಂಡಕ್ಟರನ ದನಿಯಲ್ಲಿ, "ಚಿಲ್ರೆ ಕೊಡ್ರೀ, ಚಿಲ್ರೆ ಇಲ್ದೋರು ಇಲ್ಲೇ ಇಳೀರಿ" ಎನ್ನುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ಕಂಕುಳು ಉರಿಯುತ್ತಿದ್ದದ್ದು ನನಗೊಬ್ಬನಿಗೇ ಗೊತ್ತು.

ತೊಂಬತ್ತರ ದಶಕದ ಕೊನೆಯ ಮಾತಿದು. ಪವರ್‌ಲಿಫ್ಟಿಂಗ್‌ನಲ್ಲಿ ಮೂರು ಬಗೆ: ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು, ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ಭಾರ ತಳ್ಳುವುದು, ನೆಲದಿಂದ ಭಾರ ಎತ್ತುವುದು. ಒಂದೊಂದಕ್ಕೂ ಮೂರು ಅವಕಾಶ. ಯಾವುದೇ ಒಂದರಲ್ಲಿ ಮೂರೂ ಅವಕಾಶ ಹೋದರೆ ಪೂರ್ತಿ ಸ್ಪರ್ಧೆಯಿಂದಲೇ ಹೊರಗೆ. ಈ ಬಿಗಿ ಅಂಗಿ ಎರಡನೆಯದಕ್ಕೆ. ಭಾರ ಎದೆಗೆ ಇಳಿಯುವಾಗ ಅದು ಹಿಡಿದು ನಿಲ್ಲಿಸುತ್ತದೆ, ಏರುವಾಗ ಚಿಮ್ಮಿಸುತ್ತದೆ.

ನನಗಾಗ ಇಪ್ಪತ್ತಮೂರು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನನ್ನ ಉದ್ಯೋಗವೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಊರವರ ದನಿ ಕದಿಯುವುದು. ಅಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಗುಮಾಸ್ತರು. ಬಾಯಿ ಬಿಟ್ಟು ಏನೂ ಹೇಳುವವರಲ್ಲ. ಒಂದು ದಿನ ಪೇಪರನ್ನು ನಾಲ್ಕಾಗಿ ಮಡಚಿ ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ಮೇಲೆ ಕಾಣುವ ಹಾಗೆ ಒಂದು ಇಲಾಖೆಯ ಜಾಹೀರಾತು: ಕ್ರೀಡಾ ಕೋಟಾದಲ್ಲಿ ಕೆಲಸ, ರಾಜ್ಯ ಮಟ್ಟದಲ್ಲಿ ಮೊದಲ ಮೂವರಲ್ಲಿ ಬಂದ ಸರ್ಟಿಫಿಕೇಟು ಇರಬೇಕು, ಮುಂದಿನ ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಅದೇ ತಿಂಗಳು ಕೋಲಾರದಲ್ಲೇ ರಾಜ್ಯ ಮಟ್ಟದ ಸ್ಪರ್ಧೆ. ಜೂನಿಯರ್ ವಿಭಾಗದಲ್ಲಿ ನನಗೆ ಅದು ಕೊನೆಯ ವರ್ಷ. ಮರುವರ್ಷ ದೊಡ್ಡವರ ಜೊತೆ ನಿಂತರೆ ನನ್ನನ್ನು ಕೇಳುವವರೇ ಇರುವುದಿಲ್ಲ. ಅಪ್ಪ ಇಟ್ಟ ಪೇಪರು ಎಷ್ಟೋ ದಿನ ಅದೇ ಮಡಿಕೆಯಲ್ಲೇ ಗೋಡೆಯ ಗೂಡಿನಲ್ಲಿತ್ತು. ಊಟಕ್ಕೆ ಕೂತಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ನಮ್ಮ ಜಿಮ್ಮಿನ ಮಾಸ್ಟ್ರು ಲೆಕ್ಕ ಹಾಕಿದರು. ನನ್ನ ಕಾಲು ಕೋಳಿಕಾಲು, ಬೆನ್ನು ಪರವಾಗಿಲ್ಲ. ಮೂರನೆಯ ಸ್ಥಾನ ಬೇಕೆಂದರೆ ಬೆಂಚಿನಲ್ಲಿ ನೂರಿಪ್ಪತ್ತು ಕಿಲೋ ತಳ್ಳಲೇಬೇಕು. ಬರಿಮೈಯಲ್ಲಿ ನನ್ನಿಂದ ತೊಂಬತ್ತೈದರ ಮೇಲೆ ಅರ್ಧ ಕಿಲೋ ಕೂಡ ಆಗುತ್ತಿರಲಿಲ್ಲ.

ಆಗ ಅಂಗಿ ಬಂತು. ಮಾಲೂರು ಕಡೆಯ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಒಬ್ಬ ಅಣ್ಣ ನಮ್ಮ ಜಿಮ್ಮಿಗೆ ಬರುತ್ತಿದ್ದ. ಹಿಂದೆ ಅವನೂ ಸ್ಪರ್ಧೆಗೆ ಇಳಿದವನೇ. ಭುಜ ಕೈಕೊಟ್ಟ ಮೇಲೆ ಬಿಟ್ಟಿದ್ದ. ಎಲ್ಲರನ್ನೂ ಅಣಕಿಸುವ ನನಗೆ ಅವನೊಬ್ಬ ಸಿಗುತ್ತಿರಲಿಲ್ಲ; ಮಾತೇ ಆಡದವನ ದನಿಯನ್ನು ಕದಿಯುವುದು ಹೇಗೆ? ಒಂದು ಸಂಜೆ ಆ ನೀಲಿ ಅಂಗಿಯನ್ನು ನನ್ನ ಮೇಲೆ ಎಸೆದು, "ಹಾಕ್ಕೊ. ಒಗ್ಗೋಕೆ ಟೈಮ್ ಹಿಡೀತೈತೆ" ಎಂದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಒಗ್ಗುವುದೆಂದರೆ ಏನೆಂದು ಮೊದಲ ದಿನವೇ ತಿಳಿಯಿತು. ತೊಂಬತ್ತು ಕಿಲೋ ಹಾಕಿ ಮಲಗಿದೆ. ಭಾರ ಸಿಕ್ಕಿಸಿದ ಕಂಬಿ ಎದೆಯ ಕಡೆ ಬಂತು, ನಾಲ್ಕು ಬೆರಳು ದೂರದಲ್ಲಿ ನಿಂತಿತು. ಎಷ್ಟು ಎಳೆದರೂ ಕೆಳಗೆ ಬರದು. ಎದೆ ಮುಟ್ಟದಿದ್ದರೆ ಅದು ಲೆಕ್ಕಕ್ಕಿಲ್ಲ.

"ಏಂ ರಾ, ದಿಗಲೇದಾ?" ಎಂದರು ಮಾಸ್ಟ್ರು. ಗೌನಿಪಲ್ಲಿ ಕಡೆಯವರು, ಸಿಟ್ಟು ಬಂದರೆ ತೆಲುಗು.

"ಇಳೀತಿಲ್ಲ ಸಾರ್. ಭಾರ ತೆಗೀರಿ."

"ತೆಗೆಯೋದಾ? ಇನ್ನೂ ಹತ್ತು ಹಾಕ್ರೋ ಇವ್ನಿಗೆ! ಅಂಗಿ ಬಗ್ಗಬೇಕು ಅಂದ್ರೆ ಭಾರ ಬೇಕು ಕಣೋ."

ಇಳಿಸಲು ಆಗುತ್ತಿಲ್ಲ ಎಂದರೆ ಇನ್ನಷ್ಟು ಹೇರುವುದು. ಇದು ಯಾವ ನ್ಯಾಯ? ನೂರಕ್ಕೆ ಮೂರು ಬೆರಳು. ನೂರಹತ್ತಕ್ಕೆ ಒಂದೂವರೆ ಬೆರಳು. ನನ್ನ ಶಕ್ತಿಯ ಆಚೆಗಿನ ಭಾರದ ಕೆಳಗೆ ಮಲಗಿ, ಅದು ಇನ್ನೂ ಹತ್ತಿರ ಬರಲಿ ಎಂದು ನಾನೇ ಬೇಡಿಕೊಳ್ಳಬೇಕು. ಆರು ವಾರ ಹಾಗೇ ನಡೆಯಿತು. ಸ್ಪರ್ಧೆಯ ಹಿಂದಿನ ಭಾನುವಾರ ಒಂದೇ ಒಂದು ಸಲ ನೂರಿಪ್ಪತ್ತು ಎದೆಯನ್ನು ಮುಟ್ಟಿತು, ಚಿಮ್ಮಿ ಮೇಲೆ ಹೋಯಿತು. ಮಾಸ್ಟ್ರು ಪೆನ್ನು ತೆಗೆದು ಗೋಡೆಯ ಮೇಲೆ ಬರೆದೇಬಿಟ್ಟರು: ಮೊದಲ ಅವಕಾಶ, ನೂರಿಪ್ಪತ್ತು.

"ಮೊದಲನೇದು ಬರಿಮೈಯಲ್ಲಿ ತೊಂಬತ್ತು ಎತ್ಕೊಂಡು ಸೇಫ್ ಆಗ್ಲಾ ಸಾರ್?"

"ಆಮೇಲೆ ಅಂಗಿ ಹಾಕೋಕೆ ಕಾಲು ಗಂಟೆ ನಿಮ್ಮ ತಾತ ಕೊಡ್ತಾನಾ?"

ಸ್ಪರ್ಧೆಗೆ ನಾಲ್ಕು ದಿನ ಇರುವಾಗ ಅಂಗಿಯನ್ನು ಒಗೆಯಲೆಂದು ಮನೆಗೆ ತಂದೆ. ಅಮ್ಮ ಬೀದಿಯವರಿಗೆಲ್ಲ ಬ್ಲೌಸ್ ಹೊಲಿಯುತ್ತಿದ್ದಳು. ಅವಳ ಸಣ್ಣ ಹೊಲಿಗೆಗೆ ಮುಳಬಾಗಿಲಿನಲ್ಲಿ ಹೆಸರಿತ್ತು. ಹಿತ್ತಲಲ್ಲಿ ಸ್ನಾನಕ್ಕೆಂದು ಬನಿಯನ್ ತೆಗೆದಾಗ ಅವಳ ಕಣ್ಣಿಗೆ ನನ್ನ ಕಂಕುಳು ಬಿತ್ತು. ಚರ್ಮ ಕಿತ್ತು, ಕೆಂಪಾಗಿ, ಅಲ್ಲಲ್ಲಿ ಕಪ್ಪುಗಟ್ಟಿತ್ತು.

"ಅಯ್ಯೋ, ಏನೋ ಇದು? ಎತ್ತಿನ ಹೆಗಲಾದ್ರೂ ವಾಸಿ!"

"ಅಂಗಿ ಕಣಮ್ಮ. ಬಿಗಿ ಇದ್ರೇನೇ ಭಾರ ಏಳೋದು."

"ಬಿಗಿ ಅಂದ್ರೆ ಇಷ್ಟಾ? ಯಾವನೋ ಹೊಲಿದೋನು? ಅಳತೆ ತಗೊಳ್ಳೋಕೆ ಬರಲ್ವಾ ಅವನಿಗೆ?"

"ಫಾರಿನ್ನೋನು."

"ಅದಕ್ಕೇ ಮತ್ತೆ."

ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಅಂಗಿಯನ್ನು ಎದೆಗೆ ಹಿಡಿದುಕೊಂಡು, ಅಮ್ಮನ ಗಿರಾಕಿಗಳಲ್ಲೇ ತುಂಬಾ ರಾಗ ಎಳೆಯುವ ಒಬ್ಬಾಕೆಯ ದನಿ ತೆಗೆದೆ: "ಕಂಕುಳು ಹಿಡಿಯುತ್ತೆ ಕಣ್ರೀ... ಒಳಗೆ ಅರ್ಧ ಇಂಚು ಬಿಟ್ಟಿರ್ತೀರಲ್ಲಾ... ಒಂಚೂರು ಬಿಚ್ಚಿ ಸಡಿಲ ಮಾಡ್ಕೊಡ್ರೀ..."

ಅಮ್ಮ ನಕ್ಕು ನಕ್ಕು ಸುಸ್ತಾದಳು. ಬೆನ್ನಿಗೆ ಒಂದು ಗುದ್ದಿ, "ಥೂ, ನಿನ್ನ ಬಾಯಿಗಿಷ್ಟು" ಎಂದು ಕೊಬ್ಬರಿ ಎಣ್ಣೆ ತಂದು ಹಚ್ಚಿದಳು.

ಮಾರನೆಯ ದಿನ ಮಿಷನ್ನಿನ ಮೇಲೆ ಹೊಸ ನೀಲಿ ದಾರದ ಉಂಡೆ ಕಂಡಿತು. ಯಾರ ಮನೆಯ ಮದುವೆಗೆ ಈ ಬಣ್ಣ ಎಂದು ಅದಕ್ಕೂ ಒಂದು ಹಾಸ್ಯ ಮಾಡಿ ಹೋದೆ. ಮೈ ದಣಿಯಬಾರದು ಎಂದು ಮಾಸ್ಟ್ರು ಆ ನಾಲ್ಕೂ ದಿನ ಅಂಗಿ ಮುಟ್ಟಬೇಡ ಎಂದಿದ್ದರು. ಒಗೆದು ಮಡಚಿಟ್ಟ ಅಂಗಿಯನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡೆ.

ಸ್ಪರ್ಧೆಯ ದಿನ ಬೆಳಿಗ್ಗೆ ಎಲ್ಲ ನೆಟ್ಟಗಿತ್ತು. ವಿಭಾಗಕ್ಕೆಂದು ಇಳಿಸಿದ್ದ ಮೈತೂಕ ಸರಿ ಬಂತು. ಕೂತು ಏಳುವುದರಲ್ಲಿ ಕೋಳಿಕಾಲು ಮರ್ಯಾದೆ ಉಳಿಸಿತು. ಬೆಂಚಿಗೆ ಮುಂಚೆ ಇಬ್ಬರು ಹುಡುಗರು ಅಂಗಿ ತೊಡಿಸಲು ಬಂದರು. ಐದು ನಿಮಿಷಕ್ಕೆ ಮುಗಿಯಿತು. ಮೂರನೆಯವನೇ ಬೇಕಾಗಲಿಲ್ಲ. ಉರಿಯಲಿಲ್ಲ. ಕೈ ಸ್ವಲ್ಪ ಕೆಳಗೂ ಇಳಿಯಿತು. ಮೂಗನ್ನು ನಾನೇ ತುರಿಸಿಕೊಂಡೆ.

"ಸಾರ್, ಒಗ್ಗಿಬಿಡ್ತು!" ಎಂದೆ.

ಮಾಸ್ಟ್ರು ಇನ್ನೊಬ್ಬನ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತ, ತಿರುಗಿ ಕೂಡ ನೋಡದೆ, "ತೂಕ ಇಳಿಸಿದ್ಯಲ್ಲ, ಮೈ ಸಣ್ಣಗಾಗೈತೆ. ಒಳ್ಳೇದೇ ಬಿಡು" ಎಂದರು. ಆರು ವಾರದ ನೋವು ಕೊನೆಗೂ ಫಲ ಕೊಟ್ಟಿತು ಎಂದುಕೊಂಡೆ.

ಮಲಗಿದೆ. ನೂರಿಪ್ಪತ್ತು ಕಿಲೋ ಕೈಗೆ ಬಂತು. ಇಳಿಸಿದೆ. ಕಂಬಿ ಎಲ್ಲೂ ನಿಲ್ಲಲಿಲ್ಲ. ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ನೇರ ಬಂದು ಎದೆಯ ಮೇಲೆ ಕೂತಿತು. ತಳ್ಳು ಎಂದು ರೆಫರಿ ಕೂಗಿದ. ಏನನ್ನು ತಳ್ಳುವುದು? ಪಕ್ಕದಲ್ಲಿ ನಿಂತವರು ಕಂಬಿ ಹಿಡಿದು ಎತ್ತಿದರು. ತಪ್ಪು ಎಂದು ಮೂರು ಕೆಂಪು ದೀಪ ಹತ್ತಿದವು.

"ಮೊಣಕೈ ಹೊರಗೆ ಹೋಯ್ತು ಕಣೋ! ಒಳಗೆ ಇಟ್ಕೊ!" ಎಂದು ಮಾಸ್ಟ್ರು ಕೂಗಾಡಿದರು. ಎರಡನೆಯ ಸಲ ಮೊಣಕೈ ಒಳಗಿಟ್ಟೆ. ಬಿಂದಿಗೆ ಮತ್ತೆ ಬಾವಿಗೆ ಬಿತ್ತು. ಮತ್ತೆ ಮೂರು ಕೆಂಪು.

ಉಳಿದದ್ದು ಒಂದು. ಭಾರ ಏರಿಸಬಹುದು, ಅಷ್ಟೇ ಇಟ್ಟುಕೊಳ್ಳಬಹುದು, ಇಳಿಸುವ ಹಾಗಿಲ್ಲ. ಅದು ನಿಯಮ.

ಅಷ್ಟರಲ್ಲಿ, ಮಾಲೂರಿನ ಬಸ್ಸು ತಡವಾಗಿದ್ದರಿಂದ ಇನ್ನೂ ಬಂದಿರದ, ಅಂಗಿ ಕೊಟ್ಟ ಆ ಕಲ್ಲಿನ ಅಣ್ಣ ಬಂದ. ನನ್ನ ಮುಖ ನೋಡಿದವನೇ ಹತ್ತಿರ ಬಂದ. ನನ್ನ ತೋಳೆತ್ತಿ, ಕಂಕುಳಿನ ಹೊಲಿಗೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆದ. ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಂಡುಹಿಡಿಯುವ ಬೆರಳದು.

"ಬಿಚ್ಚಿ ಹೊಲ್ದವ್ರೆ" ಎಂದ. "ಎರಡೂ ಕಡೆ. ಅರ್ಧರ್ಧ ಇಂಚು ಬಿಟ್ಟವ್ರೆ."

ಕತ್ತು ಬಗ್ಗಿಸಿ ನೋಡಿದೆ. ಎಳ್ಳು ಜೋಡಿಸಿಟ್ಟ ಹಾಗೆ ಸಣ್ಣ ಸಣ್ಣ ಹೊಲಿಗೆ. ಅಂಗಿಯ ಬಣ್ಣಕ್ಕೆ ಒಂದು ಚೂರೂ ಹೆಚ್ಚು ಕಡಿಮೆಯಿಲ್ಲದ ನೀಲಿ ದಾರ. ಅಂಗಡಿಗೆ ಅಂಗಿಯನ್ನೇ ತೆಗೆದುಕೊಂಡು ಹೋಗಿ ಹೊಂದಿಸಿ ತಂದಿರಬೇಕು. ಅಮ್ಮನ ಕಿವಿಯಲ್ಲಿ ಆ ರಾಗ ಹಾಡಿದವನು ನಾನೇ.

ಮೂರನೆಯ ಸರದಿಗೆ ಉಳಿದದ್ದು ಎಂಟು ಹತ್ತು ನಿಮಿಷ. ಮಾಸ್ಟ್ರು ತಲೆ ತಲೆ ಬಡಿದುಕೊಂಡರು. ಬೇರೆ ಜಿಲ್ಲೆಯ ಹುಡುಗನೊಬ್ಬನ ಅಂಗಿ ಬೇಡಿದೆ, ಅದು ನನ್ನ ಮೊಣಕೈ ದಾಟಲಿಲ್ಲ. ಕಲ್ಲಿನ ಅಣ್ಣ ಓಡಿಹೋಗಿ ಪಕ್ಕದ ಮಂಡಿಯಿಂದ ದಬ್ಬಳ ಮತ್ತು ಗೋಣಿ ಹೊಲಿಯುವ ಹುರಿ ತಂದ. ಅಂಗಿ ಮೈಮೇಲಿರುವಾಗಲೇ ಹೊಲಿಯತೊಡಗಿದ. ಎರಡು ಸಲ ಮಾಂಸಕ್ಕೇ ಚುಚ್ಚಿದ. "ಚುಚ್ಚಣ್ಣ, ಪರವಾಗಿಲ್ಲ, ಬಿಗಿ ಹಾಕು, ಇನ್ನೂ ಬಿಗಿ" ಎಂದು ನಾನೇ ಅಂಗಲಾಚಿದೆ. ಒಂದು ಕಂಕುಳು ಮುಗಿಯುವಷ್ಟರಲ್ಲಿ ಮೇಜಿನ ಹಿಂದಿದ್ದ ಅಧಿಕಾರಿ ಎದ್ದು ಬಂದರು.

"ಏನಯ್ಯಾ ಇದು, ಈರುಳ್ಳಿ ಮೂಟೆನಾ? ಹುರಿ ಹೊಲಿದಿದ್ದೆಲ್ಲಾ ನಡೆಯಲ್ಲ. ಬಿಚ್ಚು."

"ಸಾರ್, ಸಾರ್, ಒಂದೇ ಒಂದು ಸಲ ಸಾರ್. ಕೆಲಸದ ವಿಷಯ ಸಾರ್..."

ಹುಟ್ಟಿದಾಗಿನಿಂದ ಎಷ್ಟೋ ಜನರು ಬೇಡುವುದನ್ನು ಅಣಕಿಸಿದ್ದೇನೆ. ಆವತ್ತು ಬಾಯಿಂದ ಬಂದದ್ದು ಅವರಲ್ಲಿ ಯಾರ ದನಿಯೂ ಅಲ್ಲ. ಅಧಿಕಾರಿ ಮುಖ ಬೇರೆ ಕಡೆ ತಿರುಗಿಸಿ, "ನಿಯಮ ನಾನು ಮಾಡಿದ್ದಲ್ಲಪ್ಪ" ಎಂದರು. ಹುರಿ ಕತ್ತರಿಸಿದರು.

ಮೂರನೆಯ ಸಲ ಸಡಿಲ ಅಂಗಿಯಲ್ಲೇ ಮಲಗಿದೆ. ಕಂಬಿ ಎದೆಗೆ ಬಂತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮಡಚಿಟ್ಟ ಆ ಪೇಪರನ್ನು ನೆನೆದು ತಳ್ಳಿದೆ. ಅದು ಎದೆಯನ್ನು ಬಿಟ್ಟು ಎದ್ದಿತು. ಮಾಸ್ಟ್ರು ಕಿರುಚುತ್ತಿದ್ದದ್ದು ಕೇಳಿಸಿತು. ನಾಲ್ಕು ಬೆರಳಿನಷ್ಟು ಮೇಲೆ ಹೋಯಿತು. ಅಲ್ಲಿಯೇ ನಿಂತಿತು. ಒಂದು, ಎರಡು, ಮೂರು ಉಸಿರು. ಆಮೇಲೆ ಇಂಚಿಂಚಾಗಿ ಇಳಿದು ಮತ್ತೆ ಎದೆಯ ಮೇಲೆ ಬಂದು ಕೂತಿತು.

ನೆಲದಿಂದ ಎತ್ತುವ ಸರದಿಗೆ ನನ್ನ ಹೆಸರು ಕೂಗಲಿಲ್ಲ. ಕಲ್ಲಿನ ಅಣ್ಣ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ಮುಳಬಾಗಿಲು ಬಸ್ಸು ಬಂದಾಗ ಮಡಚಿದ ಅಂಗಿಯನ್ನು ಅವನ ಕೈಗಿತ್ತೆ. ಅವನು ಅದನ್ನು ಬಿಚ್ಚಿ, ಕಂಕುಳಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿದ.

"ಹೊಲಿಗೆ ಚೆನ್ನಾಗೈತೆ" ಎಂದು ಹೇಳಿ ಅಂಗಿಯನ್ನು ನನಗೇ ವಾಪಸ್ ಕೊಟ್ಟ.

ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲಿದ್ದರು. ನನ್ನ ಕೈ ನೋಡಿದರು, ಸರ್ಟಿಫಿಕೇಟು ಇರಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ಹೇಳಬೇಕಾದದ್ದನ್ನು ಸಿದ್ಧ ಮಾಡಿಕೊಂಡಿದ್ದೆ. "ಮೊಣಕೈ ಹೊರಗೆ ಹೋಯ್ತಪ್ಪ, ತಪ್ಪು ನಂದೇ" ಎಂದು ಹೇಳಿ, ಮಾಸ್ಟ್ರ ದನಿಯಲ್ಲಿ ಬೈಗುಳ, ರೆಫರಿಯ ದನಿಯಲ್ಲಿ ಕೂಗು, ಕೆಂಪು ದೀಪ ಹತ್ತುವ ಸದ್ದು, ಎಲ್ಲ ಮಾಡಿ ತೋರಿಸಿದೆ. ಕೆಂಪು ದೀಪಕ್ಕೆ ಸದ್ದೇ ಇರುವುದಿಲ್ಲ, ಆದರೂ ಮಾಡಿದೆ. ಅಪ್ಪ ತುಟಿಯಂಚಿನಲ್ಲಿ ನಕ್ಕ ಹಾಗೆ ಮಾಡಿ ಒಳಗೆ ಹೋದರು. ಗೂಡಿನಲ್ಲಿದ್ದ ಪೇಪರನ್ನು ತೆಗೆದು ಹಳೆ ಪೇಪರುಗಳ ಕಟ್ಟಿನ ಅಡಿಗೆ ಸೇರಿಸಿದ್ದು ಬಾಗಿಲಿನಿಂದ ಕಾಣುತ್ತಿತ್ತು.

ಅಮ್ಮ ಎಣ್ಣೆಯ ಬಟ್ಟಲು ಹಿಡಿದು ಬಂದಳು. "ಕೈ ಎತ್ತು, ನೋಡೋಣ."

ಎತ್ತಿದೆ. ಹಳೆಯ ಗಾಯ ಒಣಗುತ್ತಿತ್ತು. ದಬ್ಬಳ ಚುಚ್ಚಿದ ಎರಡು ಚುಕ್ಕೆಗಳನ್ನು ಅವಳು ಸೊಳ್ಳೆ ಕಡಿತವೆಂದುಕೊಂಡಳೋ ಏನೋ.

"ಇವತ್ತು ನೋವಾಯ್ತೇನೋ?"

"ಇಲ್ಲಮ್ಮ. ಒಂಚೂರೂ ನೋವಾಗ್ಲಿಲ್ಲ."

ಅವಳ ಮುಖ ಅರಳಿತು. ಇಷ್ಟು ದಿನ ಬಚ್ಚಿಟ್ಟಿದ್ದ ಗುಟ್ಟನ್ನು ತಡೆದುಕೊಳ್ಳಲಾಗದೆ ಹತ್ತಿರ ಬಾಗಿ ಹೇಳಿದಳು: "ನಾನೇ ಬಿಚ್ಚಿ ಸಡಿಲ ಮಾಡಿದ್ದು ಕಣೋ. ಯಾರಿಗಾದ್ರೂ ಗೊತ್ತಾಯ್ತಾ ನೋಡು? ಹೋದ್ರೆ ಹೋಗ್ಲಿ ಬಿಡು ಈ ಸಲ. ಒಳಗೆ ಇನ್ನೂ ಕಾಲಿಂಚು ಬಟ್ಟೆ ಇದೆ, ಮುಂದಿನ ಸಲಕ್ಕೆ ಅದನ್ನೂ ಬಿಟ್ಟುಕೊಡ್ತೀನಿ."

"ಬೇಡಮ್ಮ" ಎಂದೆ, ನನ್ನದೇ ದನಿಯಲ್ಲಿ. "ಇಷ್ಟು ಸಾಕು."