ಶಿವಕುಮಾರಿಯವರ ಗಾಳಿ ಲೆಕ್ಕ

ಆಯುಧಪೂಜೆಯ ದಿನ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಶಿವಕುಮಾರಿಯವರು ಚಾಮರಾಜಪೇಟೆಯ ತಮ್ಮ ಪುರಿ ಅಂಗಡಿಯ ಮುಂದೆ ನಿಂತು ಕಡ್ಲೆಪುರಿಯನ್ನು ನೆಲಕ್ಕೆ ಬಿಡುತ್ತಿದ್ದರು. ಚೆಲ್ಲುತ್ತಿರಲಿಲ್ಲ, ಬಿಡುತ್ತಿದ್ದರು. ಐದು ಪುರಿ, ಸೊಂಟದ ಎತ್ತರದಿಂದ, ಅಂಗೈ ಮಗುಚಿ. ಅವು ಗಾಳಿಗೆ ಹಾರಿ ಎಷ್ಟನೆಯ ಚಪ್ಪಡಿ ಕಲ್ಲಿನ ಮೇಲೆ ಬಿದ್ದವೆಂದು ನೋಡಿ ಮತ್ತೆ ಐದು. ಹೀಗೆ ಹತ್ತು ಸಲ. ಸುತ್ತ ಪಾರಿವಾಳಗಳು ಕಾಯುತ್ತಿದ್ದುದರಿಂದ ಪ್ರತಿ ಸಲವೂ ಬೇಗ ನೋಡಿ ಮುಗಿಸಬೇಕಿತ್ತು.

ಅಂಗಡಿಯ ಮುಂದಿನ ಚಪ್ಪಡಿಗಳು ಒಂದೊಂದೂ ಮೂರಡಿ ಅಗಲ. ಪುರಿ ಮೊದಲನೆಯ ಕಲ್ಲಿನೊಳಗೆ ಬಿದ್ದರೆ ಬೈಕಿಗೆ ಎರಡು ದೊಡ್ಡ ಮೂಟೆ ಕಟ್ಟಬಹುದು. ಎರಡನೆಯ ಕಲ್ಲಿಗೆ ಹೋದರೆ ದೊಡ್ಡ ಮೂಟೆ ಬಿಚ್ಚಿ ಗಿಡ್ಡ ಚೀಲಗಳಿಗೆ ತುಂಬಿ, ಹಿಂದಿನ ಚಕ್ರದ ಎರಡೂ ಪಕ್ಕದ ಕಬ್ಬಿಣದ ಸ್ಟ್ಯಾಂಡಿನಲ್ಲಿ ತಗ್ಗಾಗಿ ಕಟ್ಟಬೇಕು. ಹತ್ತರಲ್ಲಿ ಐದು ಸಲ ಮೂರನೆಯ ಕಲ್ಲು ಮುಟ್ಟಿದರೆ ಕಾಫಿ ಕುಡಿದುಕೊಂಡು ಅಂಗಡಿಯಲ್ಲೇ ಇರಬೇಕು. ಪುರಿಯ ಮೂಟೆ ಆಳೆತ್ತರವಿದ್ದರೂ ತೂಗುವುದು ಏಳೇ ಕೆ.ಜಿ. ಹೊಸಬರು ಮೋಸ ಹೋಗುವುದು ಇಲ್ಲೇ. ಹಗುರ ಎಂದು ಒಂದರ ಮೇಲೊಂದು ಪೇರಿಸುತ್ತಾರೆ. ಆದರೆ ಗಾಳಿ ತಳ್ಳುವುದು ಮೂಟೆಯ ಅಗಲವನ್ನು. ಮೂಟೆ ಹಗುರವಾದಷ್ಟೂ ಗಾಳಿಗೆ ಕೆಲಸ ಸುಲಭ.

ಆ ದಿನ ಏಳು ಸಲ ಎರಡನೆಯ ಕಲ್ಲು, ಮೂರು ಸಲ ಮೂರನೆಯದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಬೆಳಗಿನಿಂದ ಟೀವಿಯವರು ಹೇಳುತ್ತಿದ್ದರು. ಶಿವಕುಮಾರಿಯವರು ಗಿಡ್ಡ ಚೀಲಗಳನ್ನು ತೆಗೆದರು.

ಅವರಿಗೆ ಐವತ್ತೆಂಟು ವರ್ಷ. ಬೈಕು ಹತ್ತಿದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಗಂಡ ಮಲ್ಲಿಕಾರ್ಜುನಯ್ಯನವರು ಅಟ್ಟದಿಂದ ಮೂಟೆ ಇಳಿಸುವಾಗ ಜಾರಿ ಮಣಿಕಟ್ಟು ಮುರಿದುಕೊಂಡಾಗ. ಅಂಗಡಿಗಳಿಗೆ ಪುರಿ ಮುಟ್ಟಿಸುವವರು ಬೇರೆ ಯಾರೂ ಇರಲಿಲ್ಲ. ಆರು ವಾರದ ನಂತರ ಕಟ್ಟು ಬಿಚ್ಚಿಸಿಕೊಂಡು ಬಂದ ಗಂಡ ಕೀ ಕೇಳಿದರು. “ಇನ್ನೊಂದ್ ವಾರ ಕೈಗೆ ರೆಸ್ಟ್ ಕೊಡಿ” ಎಂದರು ಹೆಂಡತಿ. ಮೂವತ್ತೊಂದು ವರ್ಷವಾಯಿತು, ಆ ವಾರ ಇನ್ನೂ ಮುಗಿದಿಲ್ಲ. ಈಗಿನದು ಅವರ ಮೂರನೆಯ ಬೈಕು, ನೂರು ಸಿಸಿಯದು. ದಿನಕ್ಕೆ ಎರಡು ಸುತ್ತು, ಒಂದು ಬಸವನಗುಡಿಯ ಕಡೆಗೆ, ಇನ್ನೊಂದು ಎನ್.ಆರ್. ಕಾಲೋನಿಗೆ. ಮನೆಯಲ್ಲಿ ಅಮ್ಮ, ಅಂಗಡಿಯಲ್ಲಿ ಯಜಮಾನಿ. ಇವೆರಡರ ನಡುವೆ ಯಾರೂ ಏನೂ ಕೇಳದ ಸಮಯವೆಂದರೆ ಹೆಲ್ಮೆಟ್ಟಿನೊಳಗಿನ ಆ ಎರಡು ಗಂಟೆ ಮಾತ್ರ.

ಆ ಎರಡು ಗಂಟೆ ಈಗ ಕೈ ತಪ್ಪುವುದರಲ್ಲಿತ್ತು. ಹೋದ ವರ್ಷ ಇದೇ ಹಬ್ಬದ ದಿನ ಶಂಕರಪುರಂನ ಒಂದು ತಿರುವಿನಲ್ಲಿ ಅವರು ಬೈಕು ಸಮೇತ ಬಿದ್ದಿದ್ದರು. ವೇಗವಿರಲಿಲ್ಲ, ಮೊಣಕೈ ತರಚಿತು ಅಷ್ಟೆ. ಆದರೆ ಎರಡು ಮೂಟೆ ಒಡೆದು ಪುರಿ ಬೀದಿ ತುಂಬ ಹಾರಿತು. ಎರಡು ದಿನ ಆ ಬೀದಿಯ ದನಗಳು ಬೇರೆಲ್ಲಿಗೂ ಹೋಗಲಿಲ್ಲ. “ಯಾರೋ ಒಡೆದ ಬೂದುಗುಂಬಳಕಾಯಿ ಚೂರಿನ ಮೇಲೆ ಚಕ್ರ ಜಾರ್ತು” ಎಂದು ಅವರು ಮನೆಯಲ್ಲಿ ಹೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ಕೇದಾರ್ ಅದನ್ನು ನಂಬಲಿಲ್ಲ.

“ವಯಸ್ಸಾಯ್ತು ಅಮ್ಮ. ಫೋನ್ ಮಾಡಿದ್ರೆ ಗೂಡ್ಸ್ ಆಟೋ ಬರುತ್ತೆ. ನಿಂಗ್ಯಾಕೆ ಈ ಸರ್ಕಸ್ಸು?”

ವರ್ಷವಿಡೀ ವಾದ ನಡೆದು ಕೊನೆಗೊಂದು ಷರತ್ತಾಯಿತು. ಈ ಹಬ್ಬದ ದಿನ ಅವರು ಎನ್.ಆರ್. ಕಾಲೋನಿಯ ನಂದೀಶನ ಗ್ಯಾರೇಜಿಗೆ ಪುರಿ ಮುಟ್ಟಿಸಬೇಕು. ಕೇದಾರ್ ಸ್ಕೂಟರಿನಲ್ಲಿ ಹಿಂದೆ ಬರುತ್ತಾನೆ. ಸಿಗ್ನಲ್ ಬಿಟ್ಟು ಬೇರೆಲ್ಲಾದರೂ ಕಾಲು ಊರಿದರೆ ಕೀ ಅವನಿಗೆ. ಬೈಕು ಕೊಳ್ಳುವವರು ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ, ಅವರಿಗೂ ಹೇಳಿಯಾಗಿತ್ತು. ಜೋರು ಗಾಳಿಯಲ್ಲಿ ಕಾಲು ಊರಿ ನಿಲ್ಲುವುದು ಸೋಲಲ್ಲ, ಬುದ್ಧಿವಂತಿಕೆ. ಬ್ಯಾಂಕಿನವನಿಗೆ ಅದು ಹೊಳೆಯಲಿಲ್ಲ. ಶಿವಕುಮಾರಿಯವರೂ ಬಿಡಿಸಿ ಹೇಳಲಿಲ್ಲ.

ಅವರು ಬಿಡಿಸಿ ಹೇಳದ ಸಂಗತಿ ಇನ್ನೊಂದಿತ್ತು. ಹೋದ ವರ್ಷ ಚಕ್ರ ಜಾರಿರಲಿಲ್ಲ. ಬೀಳಿಸಿದ್ದು ಬಾಳೆಕಂದು.

ಪ್ರತಿ ಆಯುಧಪೂಜೆಗೂ ಮಲ್ಲಿಕಾರ್ಜುನಯ್ಯನವರು ಬೆಳಿಗ್ಗೆ ಆರಕ್ಕೆ ಕಲಾಸಿಪಾಳ್ಯಕ್ಕೆ ಹೋಗಿ ಎರಡು ಬಾಳೆಕಂದು ಆರಿಸಿ ತರುತ್ತಾರೆ. ಎರಡೂ ಒಂದೇ ಎತ್ತರ ಇರಬೇಕು, ಎಲೆ ಹರಿದಿರಬಾರದು. ಬೈಕು ತೊಳೆದು, ಹೆಡ್‌ಲೈಟಿಗೆ ಮೂರು ಬೆರಳ ವಿಭೂತಿ ಎಳೆದು, ಹ್ಯಾಂಡಲಿನ ಎರಡೂ ತುದಿಗೆ ಒಂದೊಂದು ಕಂದನ್ನು ತಾವೇ ಕಟ್ಟುತ್ತಾರೆ. ಮರುದಿನದವರೆಗೆ ಯಾರೂ ಬಿಚ್ಚುವಂತಿಲ್ಲ. ಹೋದ ವರ್ಷ ಅಡ್ಡರಸ್ತೆಯಿಂದ ನುಗ್ಗಿದ ಗಾಳಿ ಎಡಗಡೆಯ ಎಲೆಗಳನ್ನು ಹಿಡಿದೆಳೆದು ಹ್ಯಾಂಡಲನ್ನು ತಿರುಗಿಸಿಬಿಟ್ಟಿತ್ತು. ಅದನ್ನು ಗಂಡನಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಬಿದ್ದ ಸಂಜೆ ಮೊಣಕೈಗೆ ಅರಿಶಿನ ಹಚ್ಚುತ್ತ ಮಲ್ಲಿಕಾರ್ಜುನಯ್ಯನವರು, “ಪೂಜೆ ಮಾಡಿದ್ದಕ್ಕೇ ಇಷ್ಟಕ್ಕೆ ಹೋಯ್ತು” ಎಂದಿದ್ದರು. ಈ ವರ್ಷ ಇನ್ನಷ್ಟು ರಕ್ಷಣೆ ಇರಲೆಂದು ನಾಲ್ಕೂವರೆ ಅಡಿಯ ಕಂದುಗಳನ್ನೇ ತಂದಿದ್ದರು.

ನಾಲ್ಕು ಗಿಡ್ಡ ಚೀಲಗಳನ್ನು ಕಟ್ಟಿ ಮುಗಿಸಿ ಶಿವಕುಮಾರಿಯವರು ಗಂಡನ ಕಡೆ ತಿರುಗಿದರು.

“ರೀ, ಹೆಲ್ಮೆಟ್ ಹಾಕ್ಕೊಳಿ. ನೀವೂ ಬರ್ತಿದ್ದೀರ.”

“ನಾನ್ಯಾಕೆ?”

“ಗಾಳಿ ಜಾಸ್ತಿ ಇದೆ. ಹಿಂದೆ ಭಾರ ಬೇಕು.”

“ಹುರಿಗಡಲೆ ಚೀಲ ಕಟ್ಕೊ.”

“ಅದು ಇಪ್ಪತ್ತೈದೇ ಕೆ.ಜಿ.”

ತಕ್ಕಡಿಯ ಪಕ್ಕದಲ್ಲಿ ನಿಂತಿದ್ದ ಕೇದಾರ್ ನಕ್ಕ. “ಅಪ್ಪ ಎಷ್ಟಿದಾರೆ?”

“ಎಪ್ಪತ್ತೆಂಟು” ಎಂದರು ಮಲ್ಲಿಕಾರ್ಜುನಯ್ಯ. ಹನ್ನೆರಡು ವರ್ಷದಿಂದ ಅವರು ಎಪ್ಪತ್ತೆಂಟೇ. ಹೋದ ಸಂಕ್ರಾಂತಿಯಂದು ಅಂಗಡಿಯಲ್ಲಿ ಯಾರೂ ಇಲ್ಲವೆಂದುಕೊಂಡು ಮೂಟೆ ತೂಗುವ ತಕ್ಕಡಿ ಹತ್ತಿದ್ದರು, ಹೆಂಡತಿ ಬಾಗಿಲ ಹಿಂದಿದ್ದರು. ಯಾರಿಗೂ ಹೇಳಬಾರದು ಎಂದು ಮಲ್ಲಿಕಾರ್ಜುನಯ್ಯನವರು ಹೆಂಡತಿಯಿಂದ ಆಗಲೇ ಮಾತು ತೆಗೆದುಕೊಂಡಿದ್ದರು.

ಗಂಡನನ್ನು ಕೂರಿಸಿಕೊಂಡಿದ್ದು ಭಾರಕ್ಕೆ ಎಂಬುದು ಅರ್ಧ ನಿಜ. ಬಾಳೆಕಂದು ಏನು ಮಾಡುತ್ತದೆಂಬುದನ್ನು ಅವರು ತಮ್ಮ ಕಣ್ಣಾರೆ ನೋಡಲಿ ಎಂಬುದು ಇನ್ನರ್ಧ. ಅದಕ್ಕೆ ಶಿವಕುಮಾರಿಯವರು ಜಾಗವನ್ನೂ ಗುರುತು ಮಾಡಿಕೊಂಡಿದ್ದರು. ಶಂಕರಪುರಂನಲ್ಲಿ ಎರಡೂ ಕಡೆ ಮನೆಗಳಿರುವ ಬೀದಿ. ಗಾಳಿ ತಾಗುವುದು ಒಂದು ಓಣಿಯ ಬಾಯಲ್ಲಿ ಮಾತ್ರ, ಅದೂ ಸ್ವಲ್ಪ. ಅಲ್ಲಿ ನಡೆಯುವವನ ವೇಗದಲ್ಲಿ ದಾಟಬೇಕು. ಗಂಡ ಆಗಲೂ ಏನೂ ಹೇಳದಿದ್ದರೆ ಅಲ್ಲಿಂದಲೇ ಬೈಕು ವಾಪಸ್ಸು. ಮುಂದೆ ಬಸವನಗುಡಿಯಲ್ಲಿ ಒಂದು ಆಟದ ಮೈದಾನ ಸಿಗುತ್ತದೆ. ಆ ಬಯಲಿನ ಪಕ್ಕ ಈ ಕಂದುಗಳನ್ನು ಕಟ್ಟಿಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ವಾಪಸ್ಸಾದರೆ ಕೀ ಹೋಗುತ್ತದೆ, ಹೋಗಲಿ. ಗಂಡನ ಪೂಜೆಯ ಮೇಲೆ ತಪ್ಪು ಹೊರಿಸಿ ಉಳಿಸಿಕೊಳ್ಳುವ ಕೀ ಅವರಿಗೆ ಬೇಡವಾಗಿತ್ತು.

ಮೂರು ನಲವತ್ತಕ್ಕೆ ಹೊರಟರು. ಮೊದಲ ನೂರು ಗಜದಲ್ಲಿ ಒಂದೇ ಪಾಠ.

“ನಾನ್ ಯಾವ್ ಕಡೆ ವಾಲ್ತೀನೋ ಆ ಕಡೆನೇ ವಾಲಿ. ಭಯ ಆಗುತ್ತೆ ಅಂತ ಎದುರುಗಡೆ ವಾಲಿದ್ರೆ ಇಬ್ರೂ ಚರಂಡಿಲಿ.”

“ಮೂವತ್ತೈದ್ ವರ್ಷ ಆಯ್ತು ಮದುವೆಯಾಗಿ. ನೀನ್ ವಾಲಿದ್ ಕಡೆನೇ ವಾಲಿದೀನಿ” ಎಂದರು ಹಿಂದಿನಿಂದ ಮಲ್ಲಿಕಾರ್ಜುನಯ್ಯ.

ರಸ್ತೆಯ ಮೇಲೆ ಒಡೆದ ಬೂದುಗುಂಬಳಕಾಯಿಗಳು ಕುಂಕುಮ ಬಳಿದುಕೊಂಡು ಬಿದ್ದಿದ್ದವು. ಅವುಗಳ ಹತ್ತಿರ ಬ್ರೇಕು ಮುಟ್ಟದೆ, ಮೊದಲೇ ವೇಗ ಇಳಿಸಿಕೊಂಡು, ಶಿವಕುಮಾರಿಯವರು ಸುತ್ತಿಕೊಂಡು ಹೋದರು. ಓಣಿಯ ಬಾಯಿ ಬಂತು. ಬೈಕು ಆಗ ಮೊದಲನೆಯ ಗೇರಿನಲ್ಲಿತ್ತು. ಗಾಳಿ ಎಡದಿಂದ ಬಂದು ಬಾಳೆಯೆಲೆಗಳನ್ನು ತುಂಬಿಕೊಂಡಿತು. ಹ್ಯಾಂಡಲು ಯಾರೋ ಜಗ್ಗಿದ ಹಾಗೆ ಒಂದು ಗೇಣು ತಿರುಗಿತು. ಶಿವಕುಮಾರಿಯವರು ಅದನ್ನು ಸರಿ ಮಾಡಿದರು. ಇನ್ನೊಮ್ಮೆ ತಿರುಗಿತು. ಮಲ್ಲಿಕಾರ್ಜುನಯ್ಯನವರು ಹೆಂಡತಿಯ ಭುಜದ ಮೇಲಿಂದ ಎಲೆಯನ್ನು ನೋಡಿದರು, ಹ್ಯಾಂಡಲನ್ನು ನೋಡಿದರು, ಮತ್ತೆ ಎಲೆಯನ್ನು ನೋಡಿದರು.

“ನಿಲ್ಸು.”

“ನಿಲ್ಸಿದ್ರೆ ಕೀ ಹೋಗುತ್ತೆ.”

“ನಿಲ್ಸೇ ಅಂದ್ರೆ.”

ಅವರು ಒಂದು ಕಾಂಪೌಂಡ್ ಗೋಡೆಯ ಮರೆಗೆ ಬೈಕು ತಂದು ಎರಡೂ ಕಾಲು ಊರಿದರು. ಗಾಳಿ ಬೀಸುವಾಗ ಮರದ ಕೆಳಗೆ ಅವರು ಎಂದೂ ನಿಲ್ಲುವವರಲ್ಲ. ಮಲ್ಲಿಕಾರ್ಜುನಯ್ಯನವರು ಇಳಿದು ಎಡಗಡೆಯ ಕಂದನ್ನು ಬಿಚ್ಚತೊಡಗಿದರು. ಒಂಬತ್ತು ಗಂಟು. ಕಟ್ಟಿದ್ದೂ ಅವರೇ, ದಾರಕ್ಕೆ ನೀರು ಹಚ್ಚಿ ಬಿಗಿ ಮಾಡಿದ್ದೂ ಅವರೇ. ಎರಡನೆಯ ಗಂಟಿನಲ್ಲಿದ್ದಾಗ ಕೇದಾರ್ ಬಂದು ನಿಂತ. ಅವನ ಕಣ್ಣು ಅಮ್ಮನ ಕಾಲ ಮೇಲಿತ್ತು.

“ಊರಿದ್ಯಲ್ಲಮ್ಮ. ಆಯ್ತು, ಕೀ ಕೊಡು.”

ಶಿವಕುಮಾರಿಯವರು ಇಂಜಿನ್ ಆರಿಸಿ ಕೀ ತೆಗೆದು ಚಾಚಿದರು. ಅದನ್ನು ನಡುವೆಯೇ ಹಿಡಿದುಕೊಂಡಿದ್ದು ಮಲ್ಲಿಕಾರ್ಜುನಯ್ಯನವರ ಕೈ.

“ನಿಲ್ಸು ಅಂದಿದ್ದು ನಾನು ಕಣೋ” ಎಂದು ಮಗನಿಗೆ ಹೇಳಿ, “ಹೋದ್ ವರ್ಷಾನೂ ಇದೇ ತಾನೇ ಆಗಿದ್ದು?” ಎಂದು ಹೆಂಡತಿಯನ್ನು ಕೇಳಿದರು. ಶಿವಕುಮಾರಿಯವರು ಹೆಲ್ಮೆಟ್ಟಿನ ಪಟ್ಟಿಯನ್ನು ಸರಿ ಮಾಡಿಕೊಳ್ಳುತ್ತಿದ್ದರು. “ಕೇಳ್ತಿದೀನಿ. ಕುಂಬಳಕಾಯಿ ಅಂದ್ಯಲ್ಲ” ಎಂದರು ಗಂಡ.

“ಕುಂಬಳಕಾಯಿನೂ ಇತ್ತು” ಎಂದರು ಶಿವಕುಮಾರಿ. “ಸ್ವಲ್ಪ ದೂರದಲ್ಲಿ.”

ಮಲ್ಲಿಕಾರ್ಜುನಯ್ಯನವರು ಕೀಯನ್ನು ಮತ್ತೆ ಬೈಕಿಗೆ ಸಿಕ್ಕಿಸಿದರು. ಆಮೇಲೆ ಮಗನಿಗೆ ಹೇಳಿದರು, “ಬೀಳ್ಸಿದ್ದು ನಾನು. ನಿಮ್ಮಮ್ಮ ಒಂದ್ ವರ್ಷದಿಂದ ಬೈಸ್ಕೋತಾ ಇದಾಳೆ. ಷರತ್ತು ಇಲ್ಲಿಂದ ಹೊಸದಾಗಿ ಶುರು.”

“ಅಪ್ಪ, ಇದು ಮೋಸ.”

“ಮೋಸ ಆದ್ರೆ ಆಗ್ಲಿ. ಈ ಕಡೆ ಗಂಟು ಬಿಚ್ಚು.”

ಬಿಚ್ಚಿದ ಮೇಲೆ ಇನ್ನೊಂದು ತೊಡಕು. ಪೂಜೆ ಮಾಡಿದ ಕಂದು, ರಸ್ತೆ ಬದಿಗೆ ಎಸೆಯುವಂತಿಲ್ಲ. ಮೂವರೂ ಒಟ್ಟಿಗೆ ಕೇದಾರನ ಸ್ಕೂಟರಿನ ಕಡೆ ನೋಡಿದರು. ಕಾಲಿಡುವ ಜಾಗದಲ್ಲಿ ಕಂದುಗಳನ್ನು ಅಡ್ಡ ಮಲಗಿಸಿದರೆ ಬಲಕ್ಕೆ ಎರಡಡಿ ಎಲೆ, ಎಡಕ್ಕೆ ಎರಡಡಿ ದಂಟು ಚಾಚಿಕೊಳ್ಳುತ್ತಿತ್ತು. ನೆಟ್ಟಗೆ ನಿಲ್ಲಿಸಿದರೆ ಕೇದಾರನೇ ಕಾಣುತ್ತಿರಲಿಲ್ಲ. ಅವನು ನಿಲ್ಲಿಸಿಕೊಂಡು ಮಂಡಿಗಳ ನಡುವೆ ಒತ್ತಿ ಹಿಡಿದ.

“ನಿಧಾನ ಕಣೋ” ಎಂದರು ಶಿವಕುಮಾರಿ. “ನಿಂಗಿನ್ನೂ ಚಿಕ್ಕ ವಯಸ್ಸು.”

ಮೈದಾನದ ಮೂಲೆಗೆ ಬರುವಾಗ ಮಳೆ ಹನಿಯತೊಡಗಿತ್ತು. ಶಿವಕುಮಾರಿಯವರು ವೇಗ ಇಳಿಸಿ, ಒಂದು ಮೆಡಿಕಲ್ ಸ್ಟೋರಿನ ಬ್ಯಾನರು ಪಟಪಟಿಸುವುದನ್ನು ದೂರದಿಂದಲೇ ಗಮನಿಸಿದರು. ಗಾಳಿ ತಗ್ಗಿ ಅದು ಸಡಿಲವಾದ ಗಳಿಗೆಯಲ್ಲಿ ಎರಡನೆಯ ಗೇರಿನಲ್ಲಿ ಬಯಲಿನ ಪಕ್ಕದ ರಸ್ತೆಗೆ ಬೈಕು ಬಿಟ್ಟರು. ಮಂಡಿಗಳಿಂದ ಟ್ಯಾಂಕು ಬಿಗಿ ಹಿಡಿದಿದ್ದರು, ಮೊಣಕೈ ಸಡಿಲ. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದರೆ ಮೈಯ ನಡುಕವೆಲ್ಲ ಚಕ್ರಕ್ಕೆ ಇಳಿಯುತ್ತದೆ. ಗಾಳಿ ಎಡದಿಂದ ತಳ್ಳುತ್ತಿದ್ದುದರಿಂದ ತಾವೂ ರಸ್ತೆಯ ಎಡಕ್ಕೇ ಇದ್ದರು. ತಳ್ಳಿದರೆ ಸರಿಯಲು ಬಲಕ್ಕೆ ಜಾಗ ಬೇಕು. ಬಿಳಿ ಪಟ್ಟಿಯ ಮೇಲೆ ಚಕ್ರ ಹೋಗಲಿಲ್ಲ, ಒದ್ದೆಯಾದ ಬಣ್ಣ ಜಾರುತ್ತದೆ. ಗಾಳಿ ಎರಡು ಸಲ ಬಲವಾಗಿ ಬಂತು. ಎರಡು ಸಲವೂ ಅವರು ಎಡಕ್ಕೆ ಒಂದಿಷ್ಟು ವಾಲಿದರು, ಹಿಂದಿನ ಭಾರವೂ ಮಾತಿಲ್ಲದೆ ವಾಲಿತು. ನಾಲ್ಕು ಗಿಡ್ಡ ಚೀಲಗಳು ಅಲುಗಲಿಲ್ಲ.

ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಅವರು ನಂದೀಶನ ಗ್ಯಾರೇಜಿನಲ್ಲಿದ್ದರು. ಪೂಜೆ ಶುರುವಾಗಿರಲಿಲ್ಲ.

“ಏನಕ್ಕ, ಗಾಳಿಗೆ ಬರ್ತೀರೋ ಇಲ್ವೋ ಅಂದ್ಕೊಂಡೆ” ಎಂದು ನಂದೀಶ ಚೀಲ ಇಳಿಸಿಕೊಂಡ. ಒಂದು ಪುರಿಯೂ ನೆನೆದಿರಲಿಲ್ಲ.

ಕೇದಾರ್ ಬಂದದ್ದು ನಾಲ್ಕು ಇಪ್ಪತ್ತಕ್ಕೆ, ಸ್ಕೂಟರನ್ನು ತಳ್ಳಿಕೊಂಡು. ಬಾಳೆಯೆಲೆ ಅವನ ಹೆಲ್ಮೆಟ್ಟಿಗೆ ಅಂಟಿಕೊಂಡಿತ್ತು. ಮೈದಾನದ ಪಕ್ಕದಲ್ಲಿ ಎಷ್ಟು ಸಲ ಕಾಲು ಊರಿದೆ ಎಂದು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ನಂದೀಶನ ಹೆಂಡತಿ ಕಾಗದದ ಪೊಟ್ಟಣದಲ್ಲಿ ಪುರಿ, ಕಡಲೆ, ಒಂದು ತುಂಡು ಸಿಹಿ ಹಾಕಿ ಎಲ್ಲರ ಕೈಗಿತ್ತಳು. ಕೇದಾರ್ ಅದನ್ನು ತಿಂದು ಮುಗಿಸಿ ಫೋನ್ ತೆಗೆದ.

“ಸಾರ್, ನಾಳೆ ಬರ್ಬೇಡಿ. ಗಾಡಿ ಕೊಡಲ್ವಂತೆ… ಹೌದು ಸಾರ್, ಇನ್ನೂ ಓಡಿಸ್ತಾರಂತೆ.”

ಮಲ್ಲಿಕಾರ್ಜುನಯ್ಯನವರು ಬೈಕಿನಿಂದ ಕೀ ತೆಗೆದು ಹೆಂಡತಿಯ ಕೈಗಿಟ್ಟರು. ಕೇದಾರನಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು.

“ಅಲ್ಲಮ್ಮ, ಕಂದು ನನ್ ಹತ್ರ ಇತ್ತು ಸರಿ. ಆದ್ರೂ ಆ ಬಯಲಲ್ಲಿ ನಾನ್ ನೋಡ್ದೆ, ನಿನ್ ಗಾಡಿ ಹಳಿ ಮೇಲೆ ಹೋದಂಗೆ ಹೋಯ್ತು. ಬರೀ ಎಪ್ಪತ್ತೆಂಟು ಕೆ.ಜಿಗೆ ಹಂಗೆ ನಿಲ್ಲುತ್ತಾ?”

ಮಲ್ಲಿಕಾರ್ಜುನಯ್ಯನವರು ಪುರಿಯ ಪೊಟ್ಟಣ ಹಿಡಿದ ಕೈಯಿಂದಲೇ ಹೆಂಡತಿಗೆ ಬೇಡ ಎಂದು ಸನ್ನೆ ಮಾಡಿದರು. ನಂದೀಶ, ಅವನ ಹೆಂಡತಿ, ಪುರಿಗೆ ಬಂದಿದ್ದ ಬೀದಿಯ ಏಳೆಂಟು ಜನ, ಎಲ್ಲರೂ ಶಿವಕುಮಾರಿಯವರ ಮುಖ ನೋಡುತ್ತಿದ್ದರು. ಲೆಕ್ಕದ ವಿಷಯದಲ್ಲಿ ಅವರು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿದವರಲ್ಲ. ಕೀಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ಹೇಳಿದರು:

“ತೊಂಬತ್ತೊಂದು ಕೆ.ಜಿ., ಆರುನೂರು ಗ್ರಾಂ.”